ವಾಲ್ವ್ ಎಲ್ಲಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ

ಎಂಟು ವರ್ಷದ ಹಿಂದಿನ ಮಾತು. ಬೇಲೂರಿನಲ್ಲಿ ನೆಂಟರ ಮದುವೆ ಮುಗಿಸಿ ಹಾಸನಕ್ಕೆ ಬಂದಾಗ ರಾತ್ರಿ ಹತ್ತೂವರೆ. ಬೀಗ ತೆಗೆದು ಒಳಗೆ ಕಾಲಿಟ್ಟರೆ ಹಾಲ್ ತುಂಬ ಪಾದ ನೆನೆಯುವಷ್ಟು ನೀರು. ಬಚ್ಚಲಮನೆಯಲ್ಲಿ ಸೋಲಾರ್ ಪೈಪು ಜಾಯಿಂಟ್ ಬಿಟ್ಟುಕೊಂಡು ಗೋಡೆಗೆ ಚಿಮ್ಮುತ್ತಿತ್ತು. ಮಗ ಟೆರೇಸಿಗೆ ಓಡಿದ. ಟ್ಯಾಂಕಿನ ಕೆಳಗೆ ಗೇಟ್ ವಾಲ್ವ್ ಏನೋ ಇತ್ತು. ಆದರೆ ಮನೆ ಕಟ್ಟಿದ ದಿನದಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಜೋರು ಹಾಕಿ ತಿರುಗಿಸಿದ, ಚಕ್ರ ಮುರಿದು ಕೈಗೆ ಬಂತು, ನೀರು ಹಾಗೇ ಹೋಗ್ತಾ ಇತ್ತು. ಕೊನೆಗೆ ಟ್ಯಾಂಕಿನೊಳಗೆ ಭುಜದವರೆಗೆ ಕೈ ಹಾಕಿ, ಪೈಪಿನ ಬಾಯಿಗೆ ಹಳೇ ಪಂಚೆ ತುರುಕಿ ನಿಲ್ಲಿಸಿದ. ಮದುವೆಗೆ ಹಾಕಿಕೊಂಡು ಹೋಗಿದ್ದ ರೇಷ್ಮೆ ಶರ್ಟಿನಲ್ಲೇ.

ಅದಕ್ಕೇ ನಾನು ಯಾರ ಮನೆಗೆ ಹೋದರೂ ಮೊದಲು ಕೇಳುವುದು ಇದನ್ನೇ: ನೀರು ನಿಲ್ಲಿಸುವುದು ಎಲ್ಲಿ? ಮುಕ್ಕಾಲು ಪಾಲು ಜನರಿಗೆ ಗೊತ್ತಿರುವುದಿಲ್ಲ. ಮನೆಯಲ್ಲಿರುವ ಹತ್ತು ವರ್ಷದ ಹುಡುಗನಿಗೂ ಗೊತ್ತಿರಬೇಕು. ನಮ್ಮನೆಯಲ್ಲಿ ಪ್ರತಿ ವಾಲ್ವ್ ಪಕ್ಕದಲ್ಲೂ ಬಣ್ಣದಲ್ಲಿ ಬರೆಸಿದ್ದೇನೆ: ಅಡುಗೆಮನೆ, ಬಚ್ಚಲು, ಸೋಲಾರ್ ಅಂತ. ಅಮಾವಾಸ್ಯೆಗೆ ಗಾಡಿಗೆ ನಿಂಬೆಹಣ್ಣು ಇಡುತ್ತೀರಲ್ಲ, ಅದೇ ದಿನ ವಾಲ್ವ್‌ಗಳನ್ನೂ ಒಮ್ಮೆ ಮುಚ್ಚಿ ತೆಗೆಯಿರಿ. ಗೇಟ್ ವಾಲ್ವ್ ಆದರೆ ಪೂರ್ತಿ ತೆಗೆದ ಮೇಲೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಬಿಡಿ, ಕಚ್ಚಿಕೊಳ್ಳುವುದಿಲ್ಲ. ಹೊಸದಾಗಿ ಹಾಕಿಸುವುದಿದ್ದರೆ ಉದ್ದ ಹಿಡಿಯ ಬಾಲ್ ವಾಲ್ವ್ ಹಾಕಿಸಿ. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆಗೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ. ಕತ್ತಲೆಯಲ್ಲೂ ಕೈ ತಡವಿ ಹೇಳಬಹುದು.

ಆ ಪೈಪು ಬಿಟ್ಟಿದ್ದು ಯಾಕೆ ಗೊತ್ತಾ? ಕೆಲಸದವನು ಬಿಸಿನೀರಿನ ಲೈನಿಗೆ ತಣ್ಣೀರಿನ ಬಿಳಿ ಪೈಪನ್ನೇ ಎಳೆದಿದ್ದ. ಅದು 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಸೋಲಾರ್ ನೀರು ಅಷ್ಟು ಬಿಸಿ ಆಗುವುದೇನು ದೊಡ್ಡದಲ್ಲ. ಬಿಸಿನೀರಿಗೆ ಇರುವುದು ಕೆನೆಬಣ್ಣದ ಸಿಪಿವಿಸಿ ಪೈಪು, 93 ಡಿಗ್ರಿವರೆಗೂ ತಡೆಯುತ್ತದೆ. ಅದಕ್ಕೆ ಅಂಟೂ ಬೇರೆ. ಒಂದರ ಅಂಟನ್ನು ಇನ್ನೊಂದಕ್ಕೆ ಬಳಿದರೆ ಇವತ್ತಲ್ಲ ನಾಳೆ ಬಿಡುತ್ತದೆ. ಸೋಲಾರ್ ಟ್ಯಾಂಕಿನ ಮೇಲೆ ನೆಟ್ಟಗೆ ನಿಂತಿರುವ ಗಾಳಿ ಪೈಪನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ. ನೀರು ಚೆಲ್ಲುತ್ತೆ ಅಂತ ಅದಕ್ಕೆ ಬಿರಡೆ ಹೊಡೆದವರನ್ನು ನೋಡಿದ್ದೇನೆ.

ನಮ್ಮ ಕಡೆ ನೀರಿನ ಗುಣ ಅರ್ಧ ದಿನದ ದಾರಿಯಲ್ಲಿ ಪೂರಾ ಬದಲಾಗುತ್ತದೆ. ನಾನು ಹುಟ್ಟಿದ್ದು ಸಕಲೇಶಪುರದ ಕಡೆ. ವರ್ಷಕ್ಕೆ 2000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಾಗ. ಗುಡ್ಡದ ಒರತೆ ನೀರನ್ನು ಅಡಿಕೆ ದಬ್ಬೆಯಲ್ಲಿ ಹಿತ್ತಲ ತೊಟ್ಟಿಗೆ ತರುತ್ತಿದ್ದೆವು. ದಬ್ಬೆ ಕೊಳೆತರೆ ಇನ್ನೊಂದು ಅಡಿಕೆ ಮರ ಸೀಳಿದರಾಯಿತು, ಅಷ್ಟೇ ಪ್ಲಂಬಿಂಗು. ಈಗ ಅಲ್ಲೆಲ್ಲ ಕಪ್ಪು ಪೈಪು ಬಂದಿದೆ. ಒರತೆ ಬಾಯಲ್ಲಿ ಎಲೆ ಸಿಕ್ಕಿಕೊಳ್ಳುತ್ತದೆ, ಅದಕ್ಕೊಂದು ಜಾಲರಿ ಕಟ್ಟಬೇಕು. ಪೈಪು ದಿಣ್ಣೆ ಹತ್ತಿ ಇಳಿಯುವ ಕಡೆ ಗಾಳಿ ತುಂಬಿ ನೀರು ನಿಲ್ಲುತ್ತದೆ, ಆ ದಿಣ್ಣೆಯ ನೆತ್ತಿಯಲ್ಲಿ ಗಾಳಿ ಬಿಡಲು ಮೂರು ಬಾಯಿಯ ಒಂದು ‘ಟೀ’ ಜಾಯಿಂಟ್ ಹಾಕಿ ಸಣ್ಣ ವಾಲ್ವ್ ಕೂರಿಸಬೇಕು. ಮಲೆನಾಡಿನ ನೀರು ಮೆತ್ತಗೆ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಆದರೆ ಕಬ್ಬಿಣದ ಪೈಪನ್ನು ಒಳಗೊಳಗೇ ತಿನ್ನುತ್ತದೆ. ಕೆಲವು ಬೋರ್‌ವೆಲ್‌ಗಳಲ್ಲಿ ನೀರು ಎತ್ತುವಾಗ ತಿಳಿಯಾಗಿದ್ದು, ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕೆಂಪಾಗುತ್ತದೆ. ಅದು ನೀರಿನಲ್ಲಿ ಕರಗಿದ ಕಬ್ಬಿಣ, ಗಾಳಿ ತಾಗಿ ತುಕ್ಕಾಗುವುದು. ಎತ್ತರದಿಂದ ಡ್ರಮ್ಮಿಗೆ ಬೀಳಿಸಿ ಒಂದು ರಾತ್ರಿ ಬಿಟ್ಟರೆ ಕೆಂಪೆಲ್ಲ ತಳಕ್ಕೆ ಕೂರುತ್ತದೆ. ಮೇಲಿನದನ್ನು ಬಟ್ಟೆ ಒಗೆಯಲು ತೆಗೆದುಕೊಳ್ಳಿ.

ಅದೇ ಅರಸೀಕೆರೆ, ಕಡೂರು ಕಡೆ ಹೋಗಿ. ಅಲ್ಲಿ ಬೋರ್ ನೀರು ಗಡಸು. ನನ್ನ ತಂಗಿಯನ್ನು ಅರಸೀಕೆರೆಗೆ ಕೊಟ್ಟಿದ್ದು. ಮದುವೆಯಾದ ಹೊಸದರಲ್ಲಿ ಅವಳ ಕಾಗದದಲ್ಲಿ ಬರೀ ಒಂದೇ ಗೋಳು: ಅಕ್ಕ, ಇಲ್ಲಿ ಬೇಳೆ ಬೇಯಲ್ಲ! ಗಡಸು ನೀರಲ್ಲಿ ಬೇಳೆಯೂ ಬೇಗ ಬೇಯುವುದಿಲ್ಲ, ಸೋಪೂ ನೊರೆ ಬರುವುದಿಲ್ಲ, ನಲ್ಲಿ ಮೂತಿಗೆ ಬಿಳಿ ಸುಣ್ಣ ಕಟ್ಟುತ್ತದೆ. ಆ ಕಡೆಯ ಕೆಲವು ಬೋರ್‌ಗಳಲ್ಲಿ ಫ್ಲೋರೈಡ್ ಕೂಡ ಇದೆ. ಒಂದು ಮಾತು ನೆನಪಿಡಿ, ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದು ಜಾಸ್ತಿಯೇ ಆಗುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಲು ಆಗದು. ಪರೀಕ್ಷೆ ಮಾಡಿಸಿಯೇ ಕುಡಿಯಿರಿ.

ಹಾಸನ ಪಟ್ಟಣಕ್ಕೆ ಹೇಮಾವತಿ ನೀರು, ಚಿಕ್ಕಮಗಳೂರಿಗೆ ಯಗಚಿ ಮತ್ತು ಹಿರೇಕೊಳಲೆ ನೀರು. ನದಿ ನೀರಿಗೆ ಇಷ್ಟು ತಾಪತ್ರಯ ಇಲ್ಲ. ಆದರೆ ನಲ್ಲಿ ನೀರು ಬರದ ದಿನ ಬೋರ್ ನೀರು ಬಿಟ್ಟುಕೊಳ್ಳುತ್ತೇವಲ್ಲ, ಸುಣ್ಣ ಕಟ್ಟಲು ಅಷ್ಟು ಸಾಕು. ನಲ್ಲಿಯ ಧಾರೆ ಸಣ್ಣಗಾದರೆ ತಕ್ಷಣ ಪ್ಲಂಬರಿಗೆ ಫೋನ್ ಮಾಡಬೇಡಿ. ಬೇರೆ ನಲ್ಲಿಯಲ್ಲಿ ಚೆನ್ನಾಗಿ ಬರುತ್ತಿದೆಯಾ ನೋಡಿ. ಬರುತ್ತಿದ್ದರೆ ತೊಂದರೆ ಆ ಒಂದು ನಲ್ಲಿಯ ಮೂತಿಯಲ್ಲೇ. ಮೂತಿಗೆ ಬಟ್ಟೆ ಸುತ್ತಿ ತಿರುಗಿಸಿ ಬಿಚ್ಚಿದರೆ ಒಳಗೆ ಸಣ್ಣ ಜಾಲರಿ ಸಿಗುತ್ತದೆ. ಹುಣಸೆಹಣ್ಣಿನ ಗಟ್ಟಿ ರಸದಲ್ಲಿ ಇಲ್ಲವೇ ವಿನೆಗರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ. ತಾಮ್ರದ ಹಂಡೆಗೆ ಏನು ಮಾಡುತ್ತಿದ್ದೆವೋ ಅದೇ. ಶವರಿಗಾದರೆ ಪ್ಲಾಸ್ಟಿಕ್ ಕವರಿನಲ್ಲಿ ವಿನೆಗರ್ ಹಾಕಿ ಅದರ ತಲೆಗೆ ಕಟ್ಟಿಬಿಡಿ. ಗೀಸರ್ ಕಾಯುವಾಗ ಒಳಗೆ ಕಟಕಟ ಸದ್ದು ಬಂದರೆ ಕಾಯಿಲ್ ಮೇಲೆ ಸುಣ್ಣ ಕಟ್ಟಿದೆ ಅಂತ. ಅದನ್ನು ಬಿಚ್ಚಲು ಕೆಲಸ ಗೊತ್ತಿರುವವರೇ ಬರಲಿ, ಕರೆಂಟಿನ ವಿಷಯ.

ತೊಟ್ಟಿಕ್ಕುವ ನಲ್ಲಿಯನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಒಂದು ದಿನ ಸುಮ್ನೆ ಅದರ ಕೆಳಗೆ ಒಂದು ಲೀಟರಿನ ಚೊಂಬು ಇಡಿ. ಗಂಟೆಗೆ ತುಂಬಿತು ಅಂದರೆ ದಿನಕ್ಕೆ 24 ಲೀಟರ್, ತಿಂಗಳಿಗೆ 720. ಸರಿ ಮಾಡಲು ಬೇಕಾಗುವುದು ಕಾಲು ಗಂಟೆ. ಮೊದಲು ವಾಲ್ವ್ ಮುಚ್ಚಿ, ನಲ್ಲಿ ತೆಗೆದು ಉಳಿದ ನೀರು ಹೋಗಲು ಬಿಡಿ. ಸಿಂಕಿನ ತೂತಿನ ಮೇಲೆ ಒಂದು ಬಟ್ಟೆ ಹಾಸಿ. ಇದನ್ನು ಮರೆತರೆ ಸಣ್ಣ ಸ್ಕ್ರೂ ಸೀದಾ ಅಲ್ಲಿಗೇ ಹೋಗುತ್ತದೆ, ನನ್ನದು ಎರಡು ಸಲ ಹೋಗಿದೆ. ಹಿತ್ತಾಳೆ ನಲ್ಲಿಯಾದರೆ ಸ್ಪ್ಯಾನರಿನಲ್ಲಿ ತಲೆ ಬಿಚ್ಚಿ, ಕೆಳಗಿರುವ ರಬ್ಬರ್ ವಾಷರ್ ನೋಡಿ. ನಡುವೆ ಬಳೆಯ ಹಾಗೆ ಗುಳಿ ಬಿದ್ದಿರುತ್ತದೆ. ನಮ್ಮ ಮಾವನವರು ಸವೆದ ಹವಾಯಿ ಚಪ್ಪಲಿಯಲ್ಲಿ ವಾಷರ್ ಕತ್ತರಿಸುತ್ತಿದ್ದರು. ಈಗ ಅಷ್ಟು ಕಷ್ಟ ಬೇಡ, ಅಂಗಡಿಯಲ್ಲಿ ಚಿಲ್ಲರೆಗೆ ಸಿಗುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಅಳತೆ ಬಾಯಲ್ಲಿ ಹೇಳಲು ಹೋಗಬೇಡಿ. ಕಾಲು ಸುತ್ತಿಗೇ ತೆರೆಯುವ ಹೊಸ ನಲ್ಲಿಗಳಲ್ಲಿ ವಾಷರ್ ಇರುವುದಿಲ್ಲ, ಒಳಗಿನ ಸ್ಪಿಂಡಲನ್ನೇ ಬದಲಿಸಬೇಕು.

ನಲ್ಲಿ ಗೋಡೆಗೆ ಸೇರುವ ಕಡೆ ಜಿನುಗುತ್ತಿದ್ದರೆ ನಲ್ಲಿ ಬಿಚ್ಚಿ ಅದರ ಥ್ರೆಡ್ಡಿಗೆ, ಅಂದರೆ ತಿರುಪಿನ ಗೆರೆಗಳಿಗೆ, ಪ್ಲಂಬಿಂಗಿನ ಬಿಳಿ ಟೆಫ್ಲಾನ್ ಟೇಪು ಸುತ್ತಬೇಕು. ಇಲ್ಲೇ ಎಲ್ಲರೂ ಎಡವುವುದು. ಥ್ರೆಡ್ ನಿಮ್ಮ ಕಡೆ ಮುಖ ಮಾಡಿರಲಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎಳೆದು ಎಳೆದು ಸುತ್ತಿ. ಉಲ್ಟಾ ಸುತ್ತಿದರೆ ನಲ್ಲಿ ಬಿಗಿ ಮಾಡುವಾಗ ಟೇಪು ಸುರುಳಿ ಬಿಚ್ಚಿಕೊಂಡು ಹೊರಗೆ ಬರುತ್ತದೆ.

ಕಣ್ಣಿಗೆ ಕಾಣದ ಸೋರಿಕೆಗೆ ಎರಡು ಉಪಾಯ. ರಾತ್ರಿ ಮಲಗುವಾಗ ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೆಳಿಗ್ಗೆ ಯಾರೂ ಏಳುವ ಮೊದಲು ನೋಡಿ, ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಇನ್ನೊಂದು ಕಕ್ಕಸಿನದು. ಫ್ಲಶ್ ಟ್ಯಾಂಕಿಗೆ ಒಂದು ಚಮಚ ಅರಿಶಿನ ಕದಡಿ, ಕಾಲು ಗಂಟೆ ಯಾರೂ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ. ಕೆಳಗಿನ ನೀರು ಹಳದಿ ಆದರೆ ಒಳಗಿನ ರಬ್ಬರ್ ಮುಚ್ಚಳ ಹೋಗಿದೆ.

ಮೋಟರ್ ಓಡುತ್ತದೆ, ನೀರು ಬರಲ್ಲ. ಸಂಪಿನ ಮೇಲೆ ಮೋಟರ್ ಇಟ್ಟವರ ಮನೆಯಲ್ಲಿ ಇದು ಸಾಮಾನ್ಯ. ಕೂಡಲೇ ಆಫ್ ಮಾಡಿ, ನೀರಿಲ್ಲದೆ ಓಡಿದರೆ ಅದರ ಸೀಲ್ ಸುಟ್ಟುಹೋಗುತ್ತದೆ. ಪಂಪಿನ ತಲೆಯ ಮೇಲಿನ ಬಿರಡೆ ತೆಗೆದು ಗುಳ್ಳೆ ನಿಲ್ಲುವ ತನಕ ನೀರು ತುಂಬಿ, ಬಿರಡೆ ಬಿಗಿ ಮಾಡಿ ಮತ್ತೆ ಹಾಕಿ. ದಿನಾ ಬೆಳಿಗ್ಗೆ ಇದೇ ಕಥೆ ಆದರೆ ಸಂಪಿನೊಳಗೆ ಇಳಿಬಿಟ್ಟ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್ ವಾಲ್ವಿನಲ್ಲಿ ಕಸ ಸಿಕ್ಕಿಕೊಂಡಿದೆ, ಇಲ್ಲವೇ ಅದರ ರಬ್ಬರ್ ಹೋಗಿದೆ. ಬಿಸಿನೀರು ಮಾತ್ರ ಬರುತ್ತಿಲ್ಲ, ತಣ್ಣೀರು ಬರುತ್ತಿದೆ ಅಂದರೆ ಲೈನಿನಲ್ಲಿ ಗಾಳಿ ಕೂತಿರುತ್ತದೆ. ಮಿಕ್ಸರ್ ನಲ್ಲಿಯ ಮೂತಿಯನ್ನು ಅಂಗೈಯಲ್ಲಿ ಗಟ್ಟಿಯಾಗಿ ಮುಚ್ಚಿ ಎರಡೂ ಕಡೆ ತೆಗೆಯಿರಿ. ತಣ್ಣೀರು ಬಿಸಿ ಪೈಪಿಗೆ ನುಗ್ಗಿ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಮೊದಲ ಸಲಕ್ಕೇ ಆಗದಿದ್ದರೆ ಮೂರು ನಾಲ್ಕು ಸಲ ಮಾಡಿ. ನನ್ನ ಸೊಸೆಗೆ ತೋರಿಸಿಕೊಟ್ಟಾಗ ನಂಬಲಿಲ್ಲ, ಗುಳುಗುಳು ಸದ್ದು ಕೇಳಿದ ಮೇಲೆ ನಕ್ಕಳು.

ಸಿಂಕ್ ಕಟ್ಟುವುದಕ್ಕೆ ನಮ್ಮೂರ ಕಡೆ ಎರಡು ಕಾರಣ. ಕಾಫಿ ಚರಟ, ರಾಗಿ ಹಿಟ್ಟು. ಮುದ್ದೆ ಮಾಡಿದ ಪಾತ್ರೆಯ ಅಂಟು, ಅದರ ಜೊತೆ ಎಣ್ಣೆ ಜಿಡ್ಡು, ಅದರ ಮೇಲೆ ಫಿಲ್ಟರಿನ ಚರಟ, ಎಲ್ಲ ಸೇರಿ ಪೈಪಿನೊಳಗೆ ಗಾರೆ ಹಾಕಿದ ಹಾಗೆ ಕೂರುತ್ತದೆ. ಚರಟ ಗುಲಾಬಿ ಗಿಡಕ್ಕೆ ಹೋಗಲಿ. ಮುದ್ದೆ ಪಾತ್ರೆಗೆ ನೀರು ಹಾಕಿಟ್ಟು, ಕೆರೆದು, ಆ ನೀರನ್ನು ಹಸುವಿನ ಬಾನಿಗೋ ಗಿಡಕ್ಕೋ ಹಾಕಿ. ಕಟ್ಟಿಕೊಂಡ ಮೇಲೆ ಅಡುಗೆ ಸೋಡಕ್ಕೆ ವಿನೆಗರ್ ಸುರಿಯಿರಿ ಅನ್ನುತ್ತಾರೆ. ನೊರೆ ನೋಡಲು ಚೆಂದ, ರಾಗಿ ಮಾತ್ರ ಅಲುಗುವುದಿಲ್ಲ. ಸಿಂಕಿನ ಕೆಳಗೆ ಬಕೆಟ್ ಇಟ್ಟು, ಬಾಟಲಿ ಆಕಾರದ ಟ್ರ್ಯಾಪನ್ನು (ನಾತ ಮೇಲೆ ಬರದಂತೆ ಸ್ವಲ್ಪ ನೀರು ನಿಲ್ಲುವ ಭಾಗ) ಕೈಯಲ್ಲೇ ತಿರುಗಿಸಿ ಬಿಚ್ಚಿ ತೊಳೆಯುವುದೇ ಸರಿಯಾದ ದಾರಿ. ಆಸಿಡ್ ಸುರಿಯಬೇಡಿ. ಅದರಲ್ಲೂ ಬ್ಲೀಚಿಂಗ್ ಪೌಡರ್ ಹಾಕಿದ ಕಡೆ ಆಸಿಡ್ ಬಿದ್ದರೆ ವಿಷದ ಗಾಳಿ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಅಪಾಯ. ಬಳಸದ ಬಚ್ಚಲಿನಿಂದ ನಾತ ಬರುತ್ತಿದ್ದರೆ ಗಾಬರಿ ಬೇಡ, ಟ್ರ್ಯಾಪಿನ ನೀರು ಆರಿರುತ್ತದೆ. ಒಂದು ಚೊಂಬು ನೀರು ಹಾಕಿ, ಮೇಲೆ ಒಂದು ಚಮಚ ಕೊಬ್ಬರಿ ಎಣ್ಣೆ ಬಿಡಿ, ನೀರು ಬೇಗ ಆರುವುದಿಲ್ಲ.

ಟ್ಯಾಂಕ್ ತೊಳೆಯಲು ನಮ್ಮ ಹಿರಿಯರೇ ದಿನ ಗೊತ್ತು ಮಾಡಿದ್ದಾರೆ. ದೀಪಾವಳಿಯ ನೀರು ತುಂಬುವ ಹಬ್ಬ. ಹಂಡೆ ಬೆಳಗುವ ದಿನವೇ ಟ್ಯಾಂಕೂ ಬೆಳಗಲಿ. ಇನ್ನೊಮ್ಮೆ ಯುಗಾದಿಗೆ ಮುಂಚೆ. ತಿಕ್ಕಿ ತೊಳೆದು ನೀರು ತುಂಬಿದ ಮೇಲೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಅಂದರೆ ಸುಮಾರು ಅರ್ಧ ಟೀ ಚಮಚ, ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಪುಡಿಯನ್ನು ನೇರ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಹಾಕಿ, ಒಂದು ಗಂಟೆ ಬಿಟ್ಟು ಬಳಸಿ. ಸಂಪಿಗೆ ಯಾರನ್ನೂ ಒಂಟಿಯಾಗಿ ಇಳಿಸಬೇಡಿ. ಮುಚ್ಚಳ ತೆಗೆದು ಗಂಟೆಗಟ್ಟಲೆ ಗಾಳಿ ಆಡಲು ಬಿಡಿ, ಮೋಟರಿನ ಮೈನ್ ಆಫ್ ಮಾಡಿ, ಮೇಲೆ ಒಬ್ಬರು ನಿಂತಿರಲಿ. ಒಳಗೆ ಇಳಿದವರಿಗೆ ತಲೆ ಸುತ್ತಿದರೆ ಅವರ ಹಿಂದೆ ಇನ್ನೊಬ್ಬರು ಧುಮುಕಬಾರದು. ಮೊದಲೇ ಸೊಂಟಕ್ಕೆ ಹಗ್ಗ ಕಟ್ಟಿರಿ, ಮೇಲಿನಿಂದಲೇ ಎಳೆಯಬಹುದು. ಮಾಳಿಗೆಯ ಗಟರನ್ನು ಮೃಗಶಿರಾ ಮಳೆಗೆ ಮುಂಚೆ ಬಾಚಿ, ಆಮೇಲೆ ಏಣಿ ಹತ್ತಲು ಪುರುಸೊತ್ತೂ ಸಿಗಲ್ಲ, ಮಳೆಯೂ ಬಿಡಲ್ಲ.

ಹೊಸ ಮನೆ ಕಟ್ಟಿಸುತ್ತಿರುವವರಿಗೆ ಇನ್ನೊಂದು ಮಾತು. ಗೋಡೆಯೊಳಗೆ ಪೈಪು ಕೂರಿಸಿ ಗಾರೆ ಮುಚ್ಚುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ, ಪಕ್ಕದಲ್ಲಿ ಅಳತೆ ಟೇಪು ಹಿಡಿದು. ನಾವು ಆ ಪ್ರವಾಹದ ನಂತರ ಬಚ್ಚಲಿನ ಲೈನೆಲ್ಲ ಬದಲಿಸಿದಾಗ ಮಗ ಹಾಗೆ ತೆಗೆದಿದ್ದ. ಹೋದ ತಿಂಗಳು ಟವೆಲ್ ಸ್ಟ್ಯಾಂಡ್ ಹಾಕಲು ಬಂದ ಹುಡುಗ ಗೋಡೆಗೆ ಪೆನ್ಸಿಲ್ ಗುರುತು ಹಾಕಿ ಡ್ರಿಲ್ ಎತ್ತಿದ. ಸ್ವಲ್ಪ ತಡಿಯಪ್ಪ ಅಂತ ಫೋಟೋ ತೆಗೆದು ತೋರಿಸಿದೆ. ಅವನ ಗುರುತಿನ ಹಿಂದೆಯೇ ಬಿಸಿನೀರಿನ ಪೈಪು.