ಯಜಮಾನರು ವಿದೇಶದ ಶಾಂತಿಪಾಲನೆಗೆ ಹೊರಟಾಗ: ಬೆಂಗಳೂರಿನಲ್ಲಿ ಒಂದು ವರ್ಷ ಮನೆ ನಡೆಸುವ ಬಗೆ

ನಮ್ಮ ಯಜಮಾನರು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ದಕ್ಷಿಣ ಸುಡಾನಿಗೆ ಹೊರಟುಹೋದ ಹದಿನೈದನೆಯ ದಿನಕ್ಕೆ ಮನೆಯಲ್ಲಿ ಗ್ಯಾಸ್ ಮುಗಿಯಿತು. ಸಿಲಿಂಡರ್ ಹೊತ್ತು ಮೂರನೆಯ ಮಹಡಿಗೆ ಹತ್ತಿಬಂದ ಹುಡುಗ ನಾಲ್ಕಂಕಿಯ ಕೋಡ್ ಕೇಳಿದ. ಆ ಕೋಡ್ ಹೋಗಿದ್ದುದು ಯಜಮಾನರ ನಂಬರಿಗೆ, ಮತ್ತು ಆ ದಿನ ಅವರ ಫೋನಿಗೆ ಸಂಪರ್ಕವೇ ಇರಲಿಲ್ಲ. ಹುಡುಗ ತುಂಬಿದ ಸಿಲಿಂಡರನ್ನು ಮತ್ತೆ ಹೊತ್ತು ಕೆಳಗಿಳಿದ. ಅಂದು ರಾತ್ರಿ ಕರೆಂಟ್ ಒಲೆಯ ಮೇಲೆ ಮಕ್ಕಳಿಗೆ ಉಪ್ಪಿಟ್ಟು ಮಾಡಿ ಬಡಿಸಿದ ಮೇಲೆ, ಅವರ ಸಹಿ ಅಥವಾ ಅವರ ಫೋನ್ ಇಲ್ಲದೆ ಈ ಮನೆಯಲ್ಲಿ ಯಾವ ಯಾವ ಕೆಲಸ ನಡೆಯುವುದಿಲ್ಲ ಎಂದು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯಲು ಕುಳಿತೆ. ಬರೆದು ಮುಗಿಸುವಷ್ಟರಲ್ಲಿ ಎರಡು ಪುಟ ತುಂಬಿತ್ತು. ಅವರು ಹೊರಡುವ ಎರಡು ತಿಂಗಳು ಮೊದಲೇ ಈ ಎರಡು ಪುಟ ಬರೆದಿದ್ದರೆ ಆ ವರ್ಷದ ಅರ್ಧ ಕಷ್ಟ ತಪ್ಪುತ್ತಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇನ್ನೂ ಆ ಎರಡು ತಿಂಗಳು ಕೈಯಲ್ಲಿರುವ ಅಕ್ಕತಂಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ದಕ್ಷಿಣ ಸುಡಾನ್, ಕಾಂಗೋ ಅಥವಾ ಲೆಬನಾನ್, ಯಾವ ದೇಶವೇ ಆಗಿರಲಿ, ಭಾರತೀಯ ತುಕಡಿಯೊಂದಿಗೆ ಹೋಗುವ ಸೈನಿಕರು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸು ಅಲ್ಲಿರುತ್ತಾರೆ, ಮತ್ತು ಸಂಸಾರವನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ಗಡಿಯಲ್ಲಿದ್ದಾಗಲೂ ಅವರು ದೂರವೇ ಇದ್ದರಲ್ಲ ಎಂದು ಊರಿನ ಹಿರಿಯರು ಹೇಳುತ್ತಾರೆ. ಆದರೆ ಗಡಿಯಲ್ಲಿದ್ದವರು ಒಂದು ಸಹಿಗಾಗಿ ರೈಲು ಹತ್ತಿ ಬಂದುಹೋಗಬಹುದಿತ್ತು, ಅಂಚೆಯಲ್ಲಿ ಕಾಗದ ಕಳಿಸಬಹುದಿತ್ತು. ಸಮುದ್ರದಾಚೆಯಿಂದ ಎರಡೂ ಸುಲಭವಲ್ಲ. ಆದ್ದರಿಂದ ಅವರ ಹೆಸರಿನ ಮೇಲೆ ನಡೆಯುವ ಕೆಲಸಗಳನ್ನು ಅವರು ಇಲ್ಲಿರುವಾಗಲೇ ನಿಮ್ಮ ಹೆಸರಿಗೆ ತರುವುದು ಎಲ್ಲಕ್ಕಿಂತ ಮೊದಲ ಕೆಲಸ.

ಬಾಡಿಗೆ ಮನೆಯಿಂದ ಆರಂಭಿಸಿ. ಬೆಂಗಳೂರಿನಲ್ಲಿ ಕರಾರುಪತ್ರವನ್ನು ಹನ್ನೊಂದು ತಿಂಗಳಿಗೆ ಮಾಡುವುದು ರೂಢಿ. ಅವರು ಹೊರಡುವ ಮುನ್ನ ಮಾಡಿಸಿದ ಕರಾರು ಅವರು ಮರಳುವ ಮೊದಲೇ ಮುಗಿದುಹೋಗುತ್ತದೆ. ಅದು ಅವರೊಬ್ಬರ ಹೆಸರಿನಲ್ಲಿದ್ದರೆ ನವೀಕರಣಕ್ಕೆ ಸಹಿ ಹಾಕುವವರೇ ಊರಲ್ಲಿ ಇರುವುದಿಲ್ಲ, ಮತ್ತು ಮಾಲೀಕರು ಮನೆ ಬಿಡಿಸಬೇಕೆಂದಿದ್ದರೆ ಅವರಿಗೆ ಅದೊಂದು ನೆಪವಾದೀತು. ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೊಟ್ಟ ಮನೆಯಲ್ಲಿ ಆ ಸ್ಥಿತಿ ತಂದುಕೊಳ್ಳಬಾರದು. ಕರಾರನ್ನು ಇಬ್ಬರ ಹೆಸರಿಗೂ ಬರೆಸಿ, ಇಬ್ಬರಲ್ಲಿ ಯಾರು ಸಹಿ ಹಾಕಿದರೂ ನವೀಕರಣ ನಡೆಯುತ್ತದೆ ಮತ್ತು ಅಡ್ವಾನ್ಸ್ ಹಣವನ್ನು ನಿಮ್ಮ ಖಾತೆಗೂ ಹಿಂದಿರುಗಿಸಬಹುದು ಎಂಬ ಸಾಲನ್ನು ಸೇರಿಸಿ. ಸೇನೆಯ ವಸತಿಗೃಹದಲ್ಲಿರುವವರು ಯಜಮಾನರಿಂದ ದೂರ ಉಳಿಯುವ ಕುಟುಂಬಗಳಿಗೆ ಕೊಡುವ ವಸತಿಗಾಗಿ ಊರಿನ ಸೇನಾ ಆಡಳಿತ ಕಚೇರಿಯಾದ ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ನಲ್ಲಿ ಎಷ್ಟು ಬೇಗ ಅರ್ಜಿ ಹಾಕಿದರೆ ಅಷ್ಟು ಒಳ್ಳೆಯದು. ಈ ಊರಿನಲ್ಲಿ ಅದಕ್ಕೆ ಕಾಯುವವರು ಬಹಳ ಮಂದಿ ಇದ್ದಾರೆ.

ಇನ್ನು ಫೋನ್ ನಂಬರಿನ ವಿಷಯ. ಇಂದಿನ ಸಂಸಾರದ ಬೀಗದ ಕೈ ಒಟಿಪಿ ಎಂದರೆ ತಪ್ಪಾಗಲಾರದು. ಗ್ಯಾಸ್, ವಿದ್ಯುತ್ ಬಿಲ್, ಕಾವೇರಿ ನೀರಿನ ಬಿಲ್, ಶಾಲೆಯ ಸಂದೇಶಗಳು, ಮಕ್ಕಳ ಆಧಾರ್ ಇವೆಲ್ಲಕ್ಕೂ ನಿಮ್ಮ ನಂಬರನ್ನೇ ನೋಂದಾಯಿಸಿ. ಗ್ಯಾಸ್ ಸಂಪರ್ಕಕ್ಕೆ ಗ್ರಾಹಕರೇ ಖುದ್ದಾಗಿ ಇ-ಕೆವೈಸಿ, ಅಂದರೆ ಗುರುತಿನ ದೃಢೀಕರಣ ಮಾಡಿಸಬೇಕಾದ್ದರಿಂದ, ಸಾಧ್ಯವಾದರೆ ಸಂಪರ್ಕವನ್ನೇ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ಅವರ ಭಾರತೀಯ ಸಿಮ್ ಸತ್ತುಹೋಗದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ, ಏಕೆಂದರೆ 90 ದಿನ ಬಳಕೆಯಿಲ್ಲದೆ, ಖಾತೆಯಲ್ಲಿ ಕನಿಷ್ಠ ಹಣವೂ ಇಲ್ಲದೆ ಉಳಿದ ಪ್ರೀಪೇಯ್ಡ್ ನಂಬರನ್ನು ಕಂಪನಿ ರದ್ದುಮಾಡಿ ಬೇರೆಯವರಿಗೆ ಕೊಡಬಹುದು. ಆದಾಯ ತೆರಿಗೆಯ ವಿವರವನ್ನು ಜುಲೈ 31ರೊಳಗೆ ಸಲ್ಲಿಸಿದ ಮೇಲೆ 30 ದಿನಗಳಲ್ಲಿ ದೃಢೀಕರಿಸಬೇಕು. ಅದಕ್ಕೆ ಆಧಾರ್ ಒಟಿಪಿ ಬಳಸುವವರಿಗೆ ಅದೇ ನಂಬರ್ ಬೇಕು.

ಬ್ಯಾಂಕಿನ ವಿಷಯದಲ್ಲಿ ಮಾತ್ರ ಒಟಿಪಿಯನ್ನು ಫೋನಿನಲ್ಲಿ ಹೇಳಿ-ಕೇಳಿ ಕೆಲಸ ಸಾಗಿಸುವ ಅಭ್ಯಾಸ ಬೇಡವೇ ಬೇಡ. ಖಾತೆ ಜಂಟಿಯಾಗಿದ್ದರಷ್ಟೇ ಸಾಲದು. ಇಬ್ಬರಲ್ಲಿ ಯಾರು ಬೇಕಾದರೂ ವ್ಯವಹರಿಸಬಹುದಾದ ‘ಐದರ್ ಆರ್ ಸರ್ವೈವರ್’ ಬಗೆಯದೇ ಎಂದು ಪಾಸ್‌ಬುಕ್ ನೋಡಿ ಖಚಿತಪಡಿಸಿಕೊಳ್ಳಿ. ನಿಮ್ಮದೇ ಎಟಿಎಂ ಕಾರ್ಡ್, ಚೆಕ್ ಪುಸ್ತಕ ಮತ್ತು ಯುಪಿಐ ಇರಲಿ, ಮತ್ತು ಅವರು ಊರಲ್ಲಿರುವಾಗಲೇ ಒಂದು ತಿಂಗಳು ಪೂರ್ತಿ ಮನೆಯ ಖರ್ಚನ್ನೆಲ್ಲ ನೀವೇ ಅದರಿಂದ ನಡೆಸಿ ನೋಡಿ. ಎಲ್ಲಿ ತೊಡಕಿದೆ ಎಂಬುದು ಆ ತಿಂಗಳಲ್ಲೇ ತಿಳಿಯುತ್ತದೆ. ಸೈನಿಕರ ಮನೆಯವರನ್ನೇ ಗುರಿಯಾಗಿಸಿ, ನಿಮ್ಮ ಯಜಮಾನರು ಕಳಿಸಿದ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ, ಹಣ ಕಟ್ಟಿ ಎಂದು ಹೆದರಿಸುವ ಕರೆಗಳೂ ಬರಬಹುದು. ಅಂಥ ಕರೆಯನ್ನು ತಕ್ಷಣ ಕತ್ತರಿಸಿ. ಹಣ ಹೋಗಿಯೇಬಿಟ್ಟಿದ್ದರೆ ಒಂದು ಗಳಿಗೆಯೂ ತಡಮಾಡದೆ 1930ಕ್ಕೆ ಕರೆ ಮಾಡಿ.

ಊರಿನಲ್ಲಿ ಜಮೀನು, ಇಲ್ಲಿ ಒಂದು ನಿವೇಶನ ಎಂದಿದ್ದರೆ ಅಧಿಕಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ ಬೇಕೇ ಬೇಕು. ಎಲ್ಲ ಅಧಿಕಾರವನ್ನೂ ಕೊಡುವ ಸಾಮಾನ್ಯ ಪತ್ರಕ್ಕಿಂತ, ಖಾತೆ ಮಾಡಿಸುವುದು, ತೆರಿಗೆ ಕಟ್ಟುವುದು, ಗೃಹಸಾಲದ ಕಾಗದ ಪಡೆಯುವುದು, ನ್ಯಾಯಾಲಯದಲ್ಲಿ ಹಾಜರಾಗುವುದು ಹೀಗೆ ಕೆಲಸಗಳನ್ನು ಹೆಸರಿಸಿ ಬರೆಸಿದ ಪತ್ರವೇ ಮೇಲೆಂದು ನನಗೆ ಅನಿಸುತ್ತದೆ. ಕಚೇರಿಯವರೂ ಅದನ್ನು ಬೇಗ ಒಪ್ಪುತ್ತಾರೆ, ಮುಂದೆ ಅಣ್ಣತಮ್ಮಂದಿರ ನಡುವೆ ಅನುಮಾನಕ್ಕೂ ಎಡೆಯಿರುವುದಿಲ್ಲ. ಹೊರಡುವ ಮುನ್ನ ಉಪನೋಂದಣಿ ಕಚೇರಿಯಲ್ಲೇ ಅದನ್ನು ನೋಂದಾಯಿಸಿಬಿಡಿ. ಹೋದ ಮೇಲೆ ಮಾಡಿಸುವುದಾದರೆ ಅವರು ಅಲ್ಲಿಯ ಭಾರತೀಯ ರಾಯಭಾರ ಕಚೇರಿಯವರೆಗೆ ಹೋಗಿ ದೃಢೀಕರಣ ಪಡೆಯಬೇಕು, ಮತ್ತು ಆ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ದಕ್ಷಿಣ ಸುಡಾನಿನ ರಾಜಧಾನಿ ಜುಬಾದಲ್ಲಿರುವವರಿಗೆ ರಾಯಭಾರ ಕಚೇರಿ ಅದೇ ಊರಿನಲ್ಲಿದೆ; ಕಾಂಗೋ ದೇಶದ ಗೋಮಾದಲ್ಲಿರುವವರಿಗೆ ಅದು ದೇಶದ ಇನ್ನೊಂದು ತುದಿಯಲ್ಲಿರುವ ಕಿನ್ಶಾಸಾದಲ್ಲಿದೆ. ಹಾಗೆಯೇ ನಿವೇಶನದ ಆಸ್ತಿ ತೆರಿಗೆಯನ್ನು ಏಪ್ರಿಲ್ ತಿಂಗಳಲ್ಲಿ ಪೂರ್ತಿ ಕಟ್ಟಿದವರಿಗೆ ಬೆಂಗಳೂರಿನಲ್ಲಿ 5% ರಿಯಾಯಿತಿ ನೀಡುವ ಪದ್ಧತಿ ಇರುವುದರಿಂದ ಆ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ.

ಸೇನೆಯ ಕಾಗದಗಳಿಗೆಲ್ಲ ಬುನಾದಿ ಪಾರ್ಟ್ ಟು ಆರ್ಡರ್, ಅಂದರೆ ಸೈನಿಕರ ಕುಟುಂಬದ ವಿವರಗಳನ್ನು ಸೇನೆ ದಾಖಲಿಸುವ ಆದೇಶ. ಮದುವೆಯ ಮತ್ತು ಮಕ್ಕಳ ಜನನದ ನಮೂದು ಅದರಲ್ಲಿ ಆಗಿದೆಯೇ, ನಿಮ್ಮ ಹೆಸರು ಅಲ್ಲಿಯೂ ಆಧಾರ್‌ನಲ್ಲಿಯೂ ಅಕ್ಷರಶಃ ಒಂದೇ ರೀತಿ ಇದೆಯೇ ಎಂದು ನೋಡಿ. ನಮ್ಮ ಕಡೆ ತವರಿನ ಹೆಸರು ಒಂದು, ಮದುವೆಯಲ್ಲಿ ಇಟ್ಟ ಹೆಸರು ಇನ್ನೊಂದು, ಇನಿಶಿಯಲ್ ಒಮ್ಮೆ ಮುಂದೆ ಒಮ್ಮೆ ಹಿಂದೆ ಇರುವುದು ಸಾಮಾನ್ಯವಾದ್ದರಿಂದ ಈ ತೊಡಕು ಹಲವರಿಗೆ ಬರುತ್ತದೆ. ಅವಲಂಬಿತರ ಕಾರ್ಡ್ ಮತ್ತು ಕ್ಯಾಂಟೀನ್ ಕಾರ್ಡ್‌ಗಳ ಅವಧಿ ಆ ವರ್ಷದ ನಡುವೆ ಮುಗಿಯದಂತೆ ನೋಡಿಕೊಳ್ಳಿ. ಮಗುವನ್ನು ಕೇಂದ್ರೀಯ ವಿದ್ಯಾಲಯಕ್ಕೆ ಸೇರಿಸುವುದಿದ್ದರೆ, ತಂದೆಯ ಸೇವೆ ಮತ್ತು ವರ್ಗಾವಣೆಗಳ ಪ್ರಮಾಣಪತ್ರವನ್ನು ಯೂನಿಟ್‌ನಿಂದ ಮುಂಚಿತವಾಗಿಯೇ ಸಹಿ-ಮೊಹರಿನೊಂದಿಗೆ ತರಿಸಿ ಇಟ್ಟುಕೊಳ್ಳಿ. ಮಗುವಿನ ಪಾಸ್‌ಪೋರ್ಟ್ ಬೇಕಾಗಬಹುದೆನಿಸಿದರೆ ಅದನ್ನೂ ತಂದೆತಾಯಿ ಇಬ್ಬರೂ ಸಹಿ ಹಾಕಬಲ್ಲ ಈ ದಿನಗಳಲ್ಲೇ ಮುಗಿಸಿ. ಹಳೆ ವಿಮಾನ ನಿಲ್ದಾಣ ರಸ್ತೆಯ ವಾಯುಪಡೆಯ ಕಮಾಂಡ್ ಆಸ್ಪತ್ರೆಗೆ ಒಮ್ಮೆ ಅವರೊಂದಿಗೇ ಹೋಗಿ ಬನ್ನಿ. ಚೀಟಿ ಎಲ್ಲಿ, ಮಕ್ಕಳ ವಿಭಾಗ ಎಲ್ಲಿ, ರಾತ್ರಿ ಯಾವ ಬಾಗಿಲು ತೆರೆದಿರುತ್ತದೆ ಎಂಬುದನ್ನು ಜ್ವರದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹುಡುಕುವಂತಾಗಬಾರದು. ಯೂನಿಟ್‌ನಲ್ಲಿ ಹಿಂದೆ ಉಳಿಯುವವರ ಪೈಕಿ ನಿಮ್ಮ ಕರೆಗೆ ಉತ್ತರಿಸುವವರು ಯಾರೆಂದು ಹೆಸರು, ಸ್ಥಿರ ದೂರವಾಣಿ ಸಹಿತ ಬರೆದುಕೊಳ್ಳಿ.

ಫೋನ್ ಕರೆಗೆ ಹೊತ್ತು ಗೊತ್ತುಮಾಡಿಕೊಳ್ಳುವುದು ಕೇಳಲು ಸಣ್ಣ ವಿಷಯ, ಬದುಕಲು ದೊಡ್ಡದು. ದಕ್ಷಿಣ ಸುಡಾನ್ ಮತ್ತು ಗೋಮಾ ನಮಗಿಂತ ಮೂರೂವರೆ ಗಂಟೆ ಹಿಂದಿವೆ. ಲೆಬನಾನಿನಲ್ಲಿ ಚಳಿಗಾಲದಲ್ಲಿ ಮೂರೂವರೆ, ಬೇಸಿಗೆಯಲ್ಲಿ ಗಡಿಯಾರ ಮುಂದೂಡುವುದರಿಂದ ಎರಡೂವರೆ. ದಕ್ಷಿಣ ಸುಡಾನಿನಲ್ಲಿ ಅವರು ಸಂಜೆ ಏಳಕ್ಕೆ ಬಿಡುವಾದಾಗ ಇಲ್ಲಿ ರಾತ್ರಿ ಹತ್ತೂವರೆ, ಮಕ್ಕಳು ಮಲಗಿರುತ್ತಾರೆ. ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಅಲ್ಲಿ ನಡುರಾತ್ರಿ ಕಳೆದ ಮೂರು ಗಂಟೆ. ನಮಗೆ ಒಗ್ಗಿದ್ದು ಇದು: ವಾರದ ದಿನಗಳಲ್ಲಿ ಮಗಳು ಮಲಗುವ ಮುನ್ನ ಒಂದು ನಿಮಿಷದ ಧ್ವನಿ ಸಂದೇಶ ಕಳಿಸುತ್ತಿದ್ದಳು, ಅವರು ಸಂಪರ್ಕ ಸಿಕ್ಕಾಗ ಅದಕ್ಕೆ ಉತ್ತರ ಕಳಿಸುತ್ತಿದ್ದರು, ಬೆಳಿಗ್ಗೆ ಹಾಲು ಕುಡಿಯುತ್ತಾ ಅವಳು ಅದನ್ನು ಕೇಳುತ್ತಿದ್ದಳು. ಮುಖ ನೋಡಿ ಮಾತಾಡುವುದನ್ನು ಭಾನುವಾರ ಬೆಳಗಿನ ಹತ್ತು ಗಂಟೆಗೆ ಇಟ್ಟುಕೊಂಡಿದ್ದೆವು. ಮನೆಯ ಬಿಲ್ಲು-ಬಾಬತ್ತಿನ ಮಾತಿಗೆ ಬೇರೆಯೇ ಒಂದು ದಿನ ಇಡಿ. ವಾರಕ್ಕೊಮ್ಮೆ ಕಾಣುವ ಮುಖದೆದುರು ಬೋರ್‌ವೆಲ್ ಕೆಟ್ಟ ಕಥೆ ಶುರುವಾದರೆ ಮಕ್ಕಳ ಪಾಲಿನ ಹೊತ್ತು ಕರಗಿಹೋಗುತ್ತದೆ.

ಕರೆ ಬಾರದ ದಿನಗಳ ಬಗ್ಗೆಯೂ ಮೊದಲೇ ಮಾತಾಡಿಕೊಳ್ಳಿ. ಗಸ್ತಿಗೆ ಹೋದರೆ ಎರಡು ಮೂರು ದಿನ ಮೌನ ಸಹಜ, ಮಳೆಗಾಲದಲ್ಲಿ ದಕ್ಷಿಣ ಸುಡಾನಿನ ಮಣ್ಣಿನ ರಸ್ತೆಗಳು ಕೆಸರಾಗಿ ಊರು ಊರಿನ ಸಂಪರ್ಕವೇ ಕಡಿದುಹೋಗುತ್ತದೆ ಎಂದು ನಮ್ಮವರು ಮೊದಲೇ ಹೇಳಿದ್ದರಿಂದ ನನ್ನ ಎದೆಬಡಿತ ಎಷ್ಟೋ ಕಡಿಮೆಯಾಯಿತು. ಇಷ್ಟು ದಿನ ಮೀರಿದರೆ ಯೂನಿಟ್‌ಗೆ ಕರೆ ಮಾಡುತ್ತೇನೆ, ಅದಕ್ಕೆ ಮೊದಲು ಮಾಡುವುದಿಲ್ಲ ಎಂಬ ಒಂದು ಗಡುವನ್ನು ಇಬ್ಬರೂ ಕೂಡಿ ನಿರ್ಧರಿಸಿ. ಗೋಡೆಯ ಮೇಲೆ ಆ ದೇಶದ ನಕ್ಷೆ ತೂಗುಹಾಕಿ. ಟಿವಿಯಲ್ಲಿ ‘ದಕ್ಷಿಣ ಸುಡಾನಿನಲ್ಲಿ ಗುಂಡಿನ ಚಕಮಕಿ’ ಎಂದು ಬಂದಾಗ ನೋಡಬೇಕಾದ್ದು ಊರಿನ ಹೆಸರನ್ನು: ಜುಬಾದಿಂದ ಮಲಕಾಲ್‌ಗೆ ವಿಮಾನದ ದಾರಿಯಲ್ಲೇ ಸುಮಾರು 500 ಕಿ.ಮೀ., ಅಂದರೆ ಹೆಚ್ಚುಕಡಿಮೆ ಬೆಂಗಳೂರಿನಿಂದ ಬೀದರಿನಷ್ಟು. ಸುದ್ದಿ ಅವರಿರುವ ಊರಿನದೇ ಆದಾಗ ನಕ್ಷೆ ಸಮಾಧಾನ ಕೊಡುವುದಿಲ್ಲ. 2025ರ ಜನವರಿಯಲ್ಲಿ ಗೋಮಾ ಬಂಡುಕೋರರ ವಶವಾದಾಗ ಅಲ್ಲಿದ್ದವರ ಮನೆಗಳಲ್ಲಿ ಹೇಗಿದ್ದಿರಬಹುದೆಂದು ನಾನು ಊಹಿಸಬಲ್ಲೆ. ಅಂಥ ದಿನ ಟಿವಿ ಆರಿಸಿ, ಯೂನಿಟ್‌ನಿಂದ ಬರುವ ಮಾತನ್ನು ಮಾತ್ರ ನಂಬಿ, ಅತ್ತೆ-ಮಾವನಿಗೆ ಆ ಮಾತನ್ನು ನೀವೇ ಮೊದಲು ತಿಳಿಸಿ. ಅವರಿರುವ ಶಿಬಿರದ ಚಿತ್ರ, ಗಸ್ತಿನ ದಾರಿ, ರಜೆಗೆ ಬರುವ ದಿನಾಂಕ ಇವನ್ನು ಬಂಧುಗಳ ವಾಟ್ಸಾಪ್ ಗುಂಪಿನಲ್ಲೂ ಹಾಕಬಾರದು. ಮನೆಯಲ್ಲಿ ಗಂಡಸರಿಲ್ಲ ಎಂಬುದನ್ನು ಬಡಾವಣೆಗೆಲ್ಲ ಸಾರುವುದೂ ಬೇಡ.

ಅಪ್ಪ ಯಾರೊಂದಿಗೆ ಯುದ್ಧ ಮಾಡಲು ಹೋಗಿದ್ದಾರೆ ಎಂದು ಮಗ ಕೇಳಿದಾಗ ನಾನು ತಡವರಿಸಿದೆ. ಆಮೇಲೆ ಅವನನ್ನು ರಿಚ್ಮಂಡ್ ರಸ್ತೆಗೆ ಕರೆದೊಯ್ದು, ಅದಕ್ಕೆ ಜನರಲ್ ತಿಮ್ಮಯ್ಯ ರಸ್ತೆ ಎಂಬ ಹೆಸರೂ ಇರುವುದನ್ನು ತಿಳಿಸಿದೆ. ಕೊಡಗಿನ ಕೆ.ಎಸ್. ತಿಮ್ಮಯ್ಯನವರು ಕೊರಿಯಾ ಯುದ್ಧ ನಿಂತ ಮೇಲೆ 1953ರಲ್ಲಿ ಯುದ್ಧಕೈದಿಗಳ ಭವಿಷ್ಯ ನಿರ್ಧರಿಸುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. ನಿವೃತ್ತರಾದ ಬಳಿಕ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ಮುನ್ನಡೆಸುತ್ತಿದ್ದಾಗಲೇ 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಇಬ್ಬರು ಜಗಳವಾಡುವಾಗ ನಡುವೆ ನಿಲ್ಲುವವರಿಗೆ ನೀಲಿ ಟೋಪಿ ಕೊಡುತ್ತಾರೆ ಎಂದು ವಿವರಿಸಿದಾಗ ಮಗನಿಗೆ ಅದು ಅರ್ಥವಾಯಿತು. ತಿಮ್ಮಯ್ಯನವರು ಅಲ್ಲೇ ಸತ್ತರಲ್ಲ, ಹೇಗೆ ಎಂದೂ ಅವನು ಕೇಳಿದ. ಹೃದಯಾಘಾತದಿಂದ ಎಂದು ನಿಜವನ್ನೇ ಹೇಳಿದೆ. ಮಕ್ಕಳಿಗೆ ಸುಳ್ಳು ಹೇಳಿ ಸಮಾಧಾನ ಮಾಡಿದರೆ ಮುಂದಿನ ಪ್ರಶ್ನೆಯನ್ನು ಅವರು ನಮ್ಮನ್ನು ಕೇಳುವುದಿಲ್ಲ.

ರಜೆಗೆ ಬಂದು ಮರಳುವ ಅವರ ಸಂಗಡಿಗರ ಕೈಲಿ ಚಟ್ನಿಪುಡಿ, ಹುಳಿಪುಡಿ, ಕೋಡುಬಳೆ ಕಳಿಸಬಹುದು. ಎಣ್ಣೆಯ ಉಪ್ಪಿನಕಾಯಿ ದಾರಿಯಲ್ಲಿ ಒಡೆದು ಬೇರೆಯವರ ಬಟ್ಟೆ ಕೆಡಿಸುವುದರಿಂದ ಅದನ್ನು ಬಿಟ್ಟುಬಿಡಿ.

ಮರಳಿ ಬರುವ ದಿನಗಳ ಬಗ್ಗೆ ಯಾರೂ ಹೇಳದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಆಫ್ರಿಕಾದ ಈ ದೇಶಗಳಿಂದ ಬರುವವರು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ವಿಮಾನ ನಿಲ್ದಾಣದಲ್ಲಿ ತೋರಿಸಬೇಕು. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಆ ಕಾರ್ಡಿನ ಒಂದು ಚಿತ್ರ ನಿಮ್ಮ ಫೋನಿನಲ್ಲೂ ಇರಲಿ. ಅದಕ್ಕಿಂತ ದೊಡ್ಡ ಅಪಾಯ ಮಲೇರಿಯಾ. ಅಲ್ಲಿ ತೆಗೆದುಕೊಳ್ಳುತ್ತಿದ್ದ ತಡೆಮಾತ್ರೆಯನ್ನು ವೈದ್ಯರು ಹೇಳಿದಷ್ಟು ವಾರ ಮನೆಗೆ ಬಂದ ಮೇಲೂ ನುಂಗಬೇಕು, ಮತ್ತು ಮನೆಯೂಟದ ಸಂಭ್ರಮದಲ್ಲಿ ಮರೆಯುವುದು ಅದನ್ನೇ. ಬಂದು ಕೆಲವು ವಾರ, ಕೆಲವೊಮ್ಮೆ ತಿಂಗಳುಗಳೇ ಕಳೆದ ಮೇಲೆ ಜ್ವರ ಬರಬಹುದು. ಬೆಂಗಳೂರಿನ ಮಳೆಗಾಲದಲ್ಲಿ ಯಾವುದೇ ಜ್ವರ ಬಂದರೂ ಮೊದಲು ಡೆಂಗ್ಯೂ ಅಥವಾ ವೈರಲ್ ಎಂದೇ ಯೋಚಿಸುತ್ತಾರೆ. ನಮ್ಮವರಿಗೆ ಬಂದು ಐದನೆಯ ವಾರದಲ್ಲಿ ನಡುಕ ಹತ್ತಿದಾಗ ಹತ್ತಿರದ ಕ್ಲಿನಿಕ್ಕೊಂದರಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದ್ದರು. ಆಫ್ರಿಕಾದಿಂದ ಬಂದವರು ಎಂದು ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಮರುದಿನ ಸೇನಾ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ ಫಾಲ್ಸಿಪಾರಮ್ ಮಲೇರಿಯಾ ಎಂದು ತಿಳಿಯಿತು, ಮತ್ತು ಆ ಬಗೆಯ ಮಲೇರಿಯಾ ಒಂದೆರಡು ದಿನಗಳಲ್ಲೇ ಮಿದುಳು, ಮೂತ್ರಪಿಂಡಗಳನ್ನು ಹಿಡಿಯಬಲ್ಲದು. ಆದ್ದರಿಂದ ಅವರು ಬಂದಿಳಿದ ದಿನವೇ ಒಂದು ಚೀಟಿಯಲ್ಲಿ ದೇಶದ ಹೆಸರು, ಅಲ್ಲಿಂದ ಹೊರಟ ದಿನಾಂಕ, ತಡೆಮಾತ್ರೆಯ ಹೆಸರು ಇಷ್ಟನ್ನು ಬರೆದು ಅವರ ಪರ್ಸಿನಲ್ಲಿ ಒಂದು, ನಿಮ್ಮ ಪರ್ಸಿನಲ್ಲಿ ಒಂದು ಇಡಿ. ಮುಂದಿನ ಒಂದು ವರ್ಷದಲ್ಲಿ ಯಾವಾಗ ಜ್ವರ ಬಂದರೂ, ವೈದ್ಯರು ಕೇಳುವ ಮೊದಲೇ ಆ ಚೀಟಿಯನ್ನು ಅವರ ಮೇಜಿನ ಮೇಲಿಟ್ಟು, ಮಲೇರಿಯಾ ಪರೀಕ್ಷೆಯನ್ನು ಅಂದೇ ಮಾಡಿಸಿ. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದೆ ಜ್ವರ ಮುಂದುವರಿದರೆ ಮರುದಿನ ಮತ್ತೊಮ್ಮೆ ಮಾಡಿಸಿ.