ಒಂದೇ ಕಾರ್ಡು, ಮೂರು ಮನೆ

ನನ್ನ ಹತ್ತಿರ ಇರುವುದು ಒಂದೇ ಗ್ರಾಫಿಕ್ಸ್ ಕಾರ್ಡು. ರೇಡಿಯಾನ್ ಆರ್‌ಎಕ್ಸ್ 580, 8 ಜಿಬಿ ಮೆಮೊರಿಯದು. 2017ರಲ್ಲಿ ಬಂದ ಮಾಡೆಲ್, ಈಗಿನ ಲೆಕ್ಕದಲ್ಲಿ ಮುದುಕ. ಆದರೆ ಈ ಮುದುಕನನ್ನು ನಾನು ಸುಮ್ಮನೆ ಕೂರಲು ಬಿಟ್ಟಿಲ್ಲ. ಮೊದಲು ವಿಂಡೋಸ್ ಇದ್ದ ಡೆಸ್ಕ್‌ಟಾಪ್‌ನಲ್ಲಿತ್ತು. ಆಮೇಲೆ ಒಂದು ಪೆಟ್ಟಿಗೆಯೊಳಗೆ ಕೂತು, ಕೇಬಲ್ ಮೂಲಕ ಇಂಟೆಲ್ ಪ್ರೊಸೆಸರ್‌ನ ಮ್ಯಾಕ್‌ಬುಕ್‌ಗೆ ದುಡಿಯಿತು. ಕೊನೆಗೆ ಅದೇ ಡೆಸ್ಕ್‌ಟಾಪ್‌ಗೆ ವಾಪಸು ಬಂತು, ಈ ಸಲ ಲಿನಕ್ಸ್ ಜೊತೆ. ಕಾರ್ಡು ಅದೇ, ಆಟಗಳೂ ಹೆಚ್ಚುಕಡಿಮೆ ಅವೇ. ಆದರೆ ಮೂರು ಕಡೆ ಮೂರು ಥರ ಓಡಿತು.

ಯಾಕೆ ಅಂತ ತಿಳಿಯಲು ಮೊದಲು ಅಳೆಯುವುದನ್ನು ಕಲಿಯಬೇಕಾಯಿತು. ಶುರುವಿನಲ್ಲಿ ನಾನು ಸ್ಕ್ರೀನಿನ ಮೂಲೆಯಲ್ಲಿ ಕಾಣುವ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ) ಅಂಕಿಯನ್ನಷ್ಟೇ ನೋಡುತ್ತಿದ್ದೆ. 60 ಇದ್ದರೆ ಖುಷಿ, 50 ಆದರೆ ಬೇಜಾರು. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. 59 ಫ್ರೇಮ್ ಚಕಚಕ ಅಂತ ಬಂದು, ಒಂದೇ ಒಂದು ಮಾತ್ರ 100 ಮಿಲಿಸೆಕೆಂಡ್ ಎಳೆದರೂ ಮೂಲೆಯಲ್ಲಿ 60 ಅಂತಲೇ ಕಾಣುತ್ತದೆ. ಆದರೆ ಆಡುವವನಿಗೆ ಜರ್ಕ್ ಹೊಡೆದದ್ದು ಗೊತ್ತಾಗದೇ ಇರುತ್ತದಾ? ಹಾಗಾಗಿ ಫ್ರೇಮ್ ಟೈಮ್ ಗೆರೆಯನ್ನು, ಅಂದರೆ ಒಂದೊಂದು ಫ್ರೇಮಿಗೆ ಹಿಡಿದ ಸಮಯದ ಗ್ರಾಫನ್ನು, ನೋಡಲು ಶುರು ಮಾಡಿದೆ. ವಿಂಡೋಸ್‌ನಲ್ಲಿ ಆಫ್ಟರ್‌ಬರ್ನರ್, ಲಿನಕ್ಸ್‌ನಲ್ಲಿ ಮ್ಯಾಂಗೋಹಡ್ ಈ ಗೆರೆಯನ್ನು ಆಟದ ಮೇಲೆಯೇ ಬರೆದು ತೋರಿಸುತ್ತವೆ. ಗೆರೆ ನೆಟ್ಟಗಿದ್ದರೆ 45 ಎಫ್‌ಪಿಎಸ್ ಕೂಡ ಹಿತವಾಗಿರುತ್ತದೆ. ಗರಗಸದ ಹಲ್ಲಿನ ಹಾಗಿದ್ದರೆ 80 ಇದ್ದರೂ ತಲೆನೋವು.

ಇನ್ನೊಂದು ರೂಢಿ ಮಾಡಿಕೊಂಡೆ. ಒಳಗೇ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಇರುವ ಆಟವೊಂದನ್ನು ಆರಿಸಿ, 1080ಪಿಯಲ್ಲಿ ಅದೇ ಸೆಟ್ಟಿಂಗ್ ಇಟ್ಟು, ಮೂರು ಸಲ ಓಡಿಸಿ, ಮೊದಲ ಸಲದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಮೊದಲ ಓಟದಲ್ಲಿ ಶೇಡರ್ ಕಂಪೈಲ್ ಆಗುತ್ತಿರುತ್ತದೆ. ಬೆಳಕು, ನೆರಳು, ನೀರಿನ ಹೊಳಪನ್ನೆಲ್ಲ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂಗಳೇ ಶೇಡರ್. ಪಿಸಿ ಆಟಗಳ ಜೊತೆ ಅವು ಅರೆಬೆಂದ ರೂಪದಲ್ಲಿ ಬರುತ್ತವೆ. ನಮ್ಮ ಕಾರ್ಡಿಗೆ ಅರ್ಥವಾಗುವ ಭಾಷೆಗೆ ತರುವುದು ನಮ್ಮ ಡ್ರೈವರಿನ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಕೆಲಸ, ಅದೂ ಎಷ್ಟೋ ಸಲ ಆಟದ ನಡುವೆಯೇ. ಹೊಸ ಜಾಗಕ್ಕೆ ಕಾಲಿಟ್ಟ ತಕ್ಷಣ ಆಟ ಒಂದು ಕ್ಷಣ ಮುಗ್ಗರಿಸುವುದು, ಅದೇ ಜಾಗಕ್ಕೆ ಮತ್ತೆ ಬಂದಾಗ ಸಲೀಸಾಗಿರುವುದು, ಇದನ್ನು ನೀವೂ ನೋಡಿರುತ್ತೀರಿ.

ವಿಂಡೋಸ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಡ್ರೈವರ್ ಹಾಕಿದೆ, ಆಡಿದೆ. ಪಿಸಿ ಆಟಗಳಲ್ಲಿ ಬಹುಪಾಲು ಡೈರೆಕ್ಟ್‌ಎಕ್ಸ್‌ಗೇ ಬರೆದವು. ಆಟ ಕಾರ್ಡಿನ ಜೊತೆ ಮಾತಾಡುವ ಭಾಷೆ ಅದು, ವಿಂಡೋಸ್‌ನ ಮನೆಮಗ. ಅಲ್ಲಿ ಬಂದ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೆ. ಮುಂದೆ ಹೋಲಿಸಲು ಕೆಲಸಕ್ಕೆ ಬಂದದ್ದು ಅದೇ ಹಾಳೆ.

ಮ್ಯಾಕ್ ಕಥೆ ಬೇರೆ. ಕೆಲಸಕ್ಕೆ ಮ್ಯಾಕ್‌ಬುಕ್ ಇತ್ತು. ಮ್ಯಾಕ್‌ಓಎಸ್ 10.13.4ರಲ್ಲಿ, ಅಂದರೆ 2018ರ ಮಾರ್ಚ್‌ನಲ್ಲಿ, ಥಂಡರ್‌ಬೋಲ್ಟ್ 3 ಅನ್ನುವ ವೇಗದ ಕೇಬಲ್ ಮೂಲಕ ಹೊರಗಿನ ಗ್ರಾಫಿಕ್ಸ್ ಕಾರ್ಡ್ ಜೋಡಿಸುವ ಸೌಲಭ್ಯ ಅಧಿಕೃತವಾಗಿ ಬಂತು. ಎಎಂಡಿ ಕಾರ್ಡುಗಳಿಗೆ ಮಾತ್ರ. ನನ್ನ 580 ಆ ಪಟ್ಟಿಯಲ್ಲಿತ್ತು. ಒಂದು ಇಜಿಪಿಯು (ಹೊರಗಿನ ಗ್ರಾಫಿಕ್ಸ್ ಕಾರ್ಡಿನ) ಪೆಟ್ಟಿಗೆ ತಂದೆ. ಒಳಗೆ ಅದರದ್ದೇ ಪವರ್ ಸಪ್ಲೈ, ಒಂದು ಸ್ಲಾಟ್, ಒಂದು ಗಲಾಟೆ ಫ್ಯಾನು. ಕೇಬಲ್ ಚುಚ್ಚಿದೆ. ಮೇಲಿನ ಮೆನು ಬಾರ್‌ನಲ್ಲಿ ಪುಟ್ಟ ಚಿಪ್‌ನ ಚಿತ್ರ ಬಂತು. ಡ್ರೈವರ್ ಹಾಕುವ ತಂಟೆಯೇ ಇಲ್ಲ. ಇಷ್ಟು ಸುಲಭವಾ ಅಂತ ಬೀಗಿದೆ.

ಬೆಂಚ್‌ಮಾರ್ಕ್ ಓಡಿಸಿದಾಗ ಬೀಗಿದ್ದೆಲ್ಲ ಇಳಿಯಿತು. ವಿಂಡೋಸ್ ಹಾಳೆಯ ಅಂಕಿಯ ಹತ್ತಿರಕ್ಕೂ ಬರಲಿಲ್ಲ. ಮೊದಲನೆಯ ತಪ್ಪು ನನ್ನದೇ. ಆಟವನ್ನು ಲ್ಯಾಪ್‌ಟಾಪ್‌ನ ಸ್ವಂತ ಸ್ಕ್ರೀನಿನಲ್ಲಿ ಆಡುತ್ತಿದ್ದೆ. ಅಲ್ಲಿಗೆ ಚಿತ್ರ ಬರಬೇಕಾದರೆ, ಕಾರ್ಡು ಬಿಡಿಸಿದ ಪ್ರತಿ ಫ್ರೇಮೂ ಅದೇ ಕೇಬಲಿನಲ್ಲಿ ವಾಪಸು ಬರಬೇಕು. ಹೋಗುವ ಡೇಟಾ, ಬರುವ ಫ್ರೇಮು, ಎಲ್ಲಕ್ಕೂ ಒಂದೇ ಓಣಿ. ಮಾನಿಟರನ್ನು ನೇರವಾಗಿ ಪೆಟ್ಟಿಗೆಯೊಳಗಿನ ಕಾರ್ಡಿಗೇ ಸಿಕ್ಕಿಸಿದಾಗ ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ಲ್ಯಾಪ್‌ಟಾಪ್ ಸ್ಕ್ರೀನಿನಲ್ಲೇ ಆಡಬೇಕೆಂದರೆ ಆ ಆಟದ 'ಗೆಟ್ ಇನ್ಫೋ'ಗೆ ಹೋಗಿ 'ಪ್ರಿಫರ್ ಎಕ್ಸ್‌ಟರ್ನಲ್ ಜಿಪಿಯು' ಅಂತ ಟಿಕ್ ಹಾಕಬೇಕಿತ್ತು. ಇಲ್ಲದಿದ್ದರೆ ಒಳಗಿನ ಇಂಟೆಲ್ ಗ್ರಾಫಿಕ್ಸೇ ಏದುಸಿರು ಬಿಡುತ್ತಾ ಕೆಲಸ ಮಾಡುತ್ತಿತ್ತು, ಪಕ್ಕದಲ್ಲಿ ನನ್ನ 580 ಆರಾಮಾಗಿ ಕೂತಿರುತ್ತಿತ್ತು.

ಅಷ್ಟಾದರೂ ಜರ್ಕ್ ಪೂರ್ತಿ ಹೋಗಲಿಲ್ಲ. ಡೆಸ್ಕ್‌ಟಾಪ್‌ನಲ್ಲಿ ಈ ಕಾರ್ಡಿಗೆ, ಅದನ್ನು ಮದರ್‌ಬೋರ್ಡಿಗೆ ಸೇರಿಸುವ ಪಿಸಿಐಇ 3.0 ದಾರಿಯ 16 ಲೇನ್ ಸಿಗುತ್ತದೆ, ಸೆಕೆಂಡಿಗೆ ಸುಮಾರು 16 ಜಿಬಿ ಸಾಗಿಸಬಹುದು. ಥಂಡರ್‌ಬೋಲ್ಟ್ 3 ಅನ್ನುವಾಗ 40 ಗಿಗಾಬಿಟ್ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಆದರೆ ಅದರೊಳಗೆ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ ನಾಲ್ಕೇ ಲೇನ್. ಆಟದ ಟೆಕ್ಸ್‌ಚರ್‌ಗಳೆಲ್ಲ (ವಸ್ತುಗಳ ಮೈಮೇಲೆ ಹೊದಿಸುವ ಚಿತ್ರಗಳು) ಕಾರ್ಡಿನ 8 ಜಿಬಿಯಲ್ಲಿ ಹಿಡಿದರೆ ಇದು ಅಷ್ಟಾಗಿ ಕಾಡುವುದಿಲ್ಲ. ಹಿಡಿಯದೆ ಹೋದರೆ ಪದೇಪದೇ ಮೇನ್ ಮೆಮೊರಿಯಿಂದ ತರಿಸಿಕೊಳ್ಳಬೇಕು, ಆಗ ಓಣಿ ಕಟ್ಟಿಕೊಳ್ಳುತ್ತದೆ. ಡೆಸ್ಕ್‌ಟಾಪ್‌ನಲ್ಲಿ 'ಅಲ್ಟ್ರಾ' ಟೆಕ್ಸ್‌ಚರ್ ಇಟ್ಟರೂ ನಡೆಯುತ್ತಿದ್ದ ಆಟ ಪೆಟ್ಟಿಗೆಯಲ್ಲಿ ಒದ್ದಾಡಿತು. ಟೆಕ್ಸ್‌ಚರನ್ನು ಒಂದು ಮೆಟ್ಟಿಲು ಇಳಿಸಿದೆ, ಗೆರೆ ನೆಟ್ಟಗಾಯಿತು. ನೆರಳು, ಹುಲ್ಲು ಎಲ್ಲ ಇಳಿಸಿ ಒದ್ದಾಡಿದ ಎರಡು ಸಂಜೆ ವ್ಯರ್ಥ.

ಆದರೆ ಮ್ಯಾಕ್‌ನಲ್ಲಿ ನಿಜವಾದ ತೊಡಕು ಕೇಬಲ್ ಅಲ್ಲ, ಆಟಗಳು. ಡೈರೆಕ್ಟ್‌ಎಕ್ಸ್ ಥರದ್ದೇ ಆದ ಓಪನ್‌ಜಿಎಲ್ ಅನ್ನು ಆಪಲ್ 2018ರಲ್ಲಿ ಹಳೆಯದೆಂದು ಬದಿಗಿಟ್ಟಿತು. ಅಲ್ಲಿ ಅದು 4.1ನೇ ಆವೃತ್ತಿಗೇ ನಿಂತಿದೆ. ಅದೇ ಸಾಲಿನ ಹೊಸ ವಲ್ಕನ್ ಕೊಡಲಿಲ್ಲ, ತನ್ನದೇ ಮೆಟಲ್ ಬಳಸಿ ಅಂದಿತು. ಮರುವರ್ಷ ಬಂದ ಮ್ಯಾಕ್‌ಓಎಸ್ ಕ್ಯಾಟಲಿನಾದಲ್ಲಿ 32 ಬಿಟ್ ಪ್ರೋಗ್ರಾಂಗಳು (ಹಳೆಯ ಮಾದರಿಯವು) ಓಡುವುದೇ ನಿಂತಿತು. ನನ್ನ ಲೈಬ್ರರಿಯಲ್ಲಿದ್ದ ಹಳೆಯ ಆಟಗಳ ಮೇಲೆಲ್ಲ ಅಡ್ಡಗೆರೆ ಬಿತ್ತು. 2020ರ ಕೊನೆಗೆ ಆಪಲ್‌ನ ಸ್ವಂತ ಚಿಪ್‌ನ ಮ್ಯಾಕ್‌ಗಳು ಬಂದವು. ಅವುಗಳಲ್ಲಿ ಹೊರಗಿನ ಕಾರ್ಡಿಗೆ ಜಾಗವೇ ಇಲ್ಲ. ಪೆಟ್ಟಿಗೆಯಿಂದ ಕಾರ್ಡು ಬಿಚ್ಚಿದೆ.

ಅಷ್ಟೊತ್ತಿಗೆ ಲಿನಕ್ಸ್ ಕಡೆ ಗಾಳಿ ಬದಲಾಗಿತ್ತು. 2018ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ತನ್ನ ಆಟದ ಅಂಗಡಿ ಸ್ಟೀಮ್‌ನೊಳಗೇ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಸೇರಿಸಿತು. ಇದರ ಬುಡ ವೈನ್ ಅನ್ನುವ ಹಳೆಯ ಪ್ರಾಜೆಕ್ಟು. ಆಟ ಡೈರೆಕ್ಟ್‌ಎಕ್ಸ್‌ನಲ್ಲಿ ಏನು ಕೇಳಿದರೂ ಅದನ್ನು ವಲ್ಕನ್‌ಗೆ ಅನುವಾದ ಮಾಡಿ ಕೊಡುತ್ತದೆ. ಡೈರೆಕ್ಟ್‌ಎಕ್ಸ್ 9ರಿಂದ 11ರವರೆಗೆ ಡಿಎಕ್ಸ್‌ವಿಕೆ, 12ಕ್ಕೆ ವಿಕೆಡಿ3ಡಿ-ಪ್ರೋಟಾನ್. ನಡುವೆ ದುಭಾಷಿ ಇದ್ದ ಮೇಲೆ ಮಾತು ನಿಧಾನ ಆಗಲೇಬೇಕಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಇಲ್ಲಿ ಪ್ರೊಸೆಸರ್ ವಿಂಡೋಸ್ ಪಿಸಿಯದ್ದೇ ಜಾತಿ, ಎಕ್ಸ್86. ಆಟದ ಮುಖ್ಯ ಕೋಡ್ ಇದ್ದ ಹಾಗೇ ಓಡುತ್ತದೆ, ಸಿಸ್ಟಮ್ ಜೊತೆ ಆಡುವ ಮಾತಿಗಷ್ಟೇ ದುಭಾಷಿ ಬೇಕು. ಹೊಸ ಮ್ಯಾಕ್‌ನಲ್ಲಿ ವಿಂಡೋಸ್ ಆಟ ಓಡಿಸಿದರೆ ಎರಡೆರಡು ಅನುವಾದ: ಪ್ರೊಸೆಸರ್ ಕೋಡಿಗೆ ರೊಸೆಟ್ಟಾ 2, ಚಿತ್ರಕ್ಕೆ ಡಿ3ಡಿಮೆಟಲ್. 2023ರಲ್ಲಿ ಆಪಲ್ ಈ ಡಿ3ಡಿಮೆಟಲ್ ಇರುವ ಗೇಮ್ ಪೋರ್ಟಿಂಗ್ ಟೂಲ್‌ಕಿಟ್ ಬಿಟ್ಟಾಗ ಗೆಳೆಯನ ಮ್ಯಾಕ್‌ನಲ್ಲಿ ಕೂತು ನೋಡಿದೆ. ಅಷ್ಟೆಲ್ಲ ಸುತ್ತು ಹಾಕಿಯೂ ಅದು ಓಡಿದ ರೀತಿ ಕಂಡು ಮೂಗಿನ ಮೇಲೆ ಬೆರಳಿಟ್ಟುಕೊಂಡೆ, ಸುಳ್ಳು ಹೇಳಲ್ಲ.

ನನ್ನ ಡೆಸ್ಕ್‌ಟಾಪ್‌ಗೆ ಬರೋಣ. ಲಿನಕ್ಸ್‌ನಲ್ಲಿ ಎಎಂಡಿ ಕಾರ್ಡಿಗೆ ಬೇಕಾದ ಎಎಂಡಿಜಿಪಿಯು ಡ್ರೈವರ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಳಗೇ ಇರುತ್ತದೆ. ವಲ್ಕನ್ ಭಾಗ ಮೆಸಾ ಪ್ಯಾಕೇಜಿನಲ್ಲಿ ಬರುತ್ತದೆ, ಹೆಸರು ರಾಡ್‌ವಿ. ಎರಡೂ ಓಪನ್ ಸೋರ್ಸ್. ಕರ್ನಲ್ ಅಪ್‌ಡೇಟ್ ಆದಾಗ ಡ್ರೈವರೂ ಜೊತೆಯಲ್ಲೇ ಬರುವುದರಿಂದ ತಲೆ ಕೆಡಿಸಿಕೊಳ್ಳುವ ಹಾಗಿಲ್ಲ. ಇದರ ಬೆಲೆ ನನಗೆ ಗೊತ್ತು. ಹಿಂದೆ ಬೇರೊಂದು ಕಾರ್ಡು ಇದ್ದಾಗ, ಅಪ್‌ಡೇಟ್ ಆದ ಬೆಳಿಗ್ಗೆ ಹೊರಗಿನಿಂದ ಹಾಕಿದ ಡ್ರೈವರ್ ಹೊಸ ಕರ್ನಲ್‌ಗೆ ಬಿಲ್ಡ್ ಆಗಿರಲಿಲ್ಲ. ಡೆಸ್ಕ್‌ಟಾಪ್ ಬಂತು, ಆಟವೂ ತೆರೆಯಿತು, ಆದರೆ ಎರಡು ಸೆಕೆಂಡಿಗೊಂದು ಫ್ರೇಮು. ಕಾರ್ಡಿನ ಹೆಸರು ಇರಬೇಕಾದ ಕಡೆ 'ಎಲ್‌ಎಲ್‌ವಿಎಂಪೈಪ್' ಅಂತ ಇತ್ತು. ಅಂದರೆ ಕಾರ್ಡಿನ ಕೆಲಸವನ್ನೆಲ್ಲ ಪ್ರೊಸೆಸರ್ ಒಬ್ಬನೇ ಹೊತ್ತು ಎಳೆಯುತ್ತಿತ್ತು. ಆವತ್ತಿನಿಂದ ಏನೇ ನಿಧಾನ ಅನ್ನಿಸಿದರೂ ನಾನು ಮೊದಲು ನೋಡುವುದು ಆ ಒಂದು ಸಾಲನ್ನು.

580 ಜೊತೆ ಆ ಗೋಳು ಇರಲಿಲ್ಲ. ಬೇರೆ ಎಡವಟ್ಟುಗಳು ಇದ್ದವು. ಮೊದಲ ದಿನ ಹೊಸ ಆಟವೊಂದು ಸಲೀಸಾಗಿ ಓಡಿತು. ಹತ್ತು ವರ್ಷ ಹಳೆಯ ಇನ್ನೊಂದು ಆಟ ಜಪ್ಪಯ್ಯ ಅಂದರೂ ಏಳಲಿಲ್ಲ. ಪ್ಲೇ ಒತ್ತಿದರೆ ಬಟನ್ ಒಂದು ಕ್ಷಣ 'ಸ್ಟಾಪ್' ಆಗಿ ಮತ್ತೆ 'ಪ್ಲೇ' ಆಗುವುದು, ಅಷ್ಟೇ. ಎರರ್ ಕೂಡ ಇಲ್ಲ. ಭಾರೀ ಆಟ ಓಡುವ ಕಾರ್ಡಿಗೆ ಇದೇನು ಮಹಾ ಅಂತ ತಲೆ ಕೆರೆದುಕೊಂಡೆ. ಲಾಗ್ ತೆರೆದು ನೋಡಿದರೆ, ಡಿಎಕ್ಸ್‌ವಿಕೆಗೆ ವಲ್ಕನ್ ಕಾರ್ಡೇ ಸಿಕ್ಕಿಲ್ಲ. ಹಳೆಯ ಆಟ 32 ಬಿಟ್‌ನದು. ನಾನು ಹಾಕಿದ್ದು 64 ಬಿಟ್ ವಲ್ಕನ್ ಡ್ರೈವರ್ ಮಾತ್ರ. ಅದರ 32 ಬಿಟ್ ಪ್ಯಾಕೇಜು ಬೇರೆಯೇ ಇರುತ್ತದೆ. ಹಾಕಿದೆ, ಎದ್ದಿತು.

ಎರಡನೆಯದು ನನ್ನ ಜಿಪುಣತನದ ಫಲ. ವಿಂಡೋಸ್ ಡಿಸ್ಕಿನಲ್ಲಿ ಆಟಗಳು ಹೇಗೂ ಇವೆಯಲ್ಲ, ಮತ್ತೆ ಯಾಕೆ ಡೌನ್‌ಲೋಡ್ ಮಾಡಬೇಕು ಅಂತ ಲಿನಕ್ಸ್ ಸ್ಟೀಮ್‌ಗೆ ಅದೇ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಡಿಸ್ಕ್ ತೋರಿಸಿದೆ. ಪಟ್ಟಿಯೆಲ್ಲ ಚೆನ್ನಾಗಿ ಬಂತು. ಮೊದಲಿಗೆ ಡಿಸ್ಕ್ ಓದಲು ಮಾತ್ರ ಆಗುತ್ತಿತ್ತು, ಬರೆಯಲು ಬಿಡುತ್ತಿರಲಿಲ್ಲ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕಂಪ್ಯೂಟರನ್ನು ಪೂರ್ತಿ ಆಫ್ ಮಾಡದೆ ಅರೆನಿದ್ದೆಯಲ್ಲಿ ಬಿಟ್ಟಿರುತ್ತದೆ, ಅದಕ್ಕೆ. ಅದನ್ನು ತೆಗೆದೆ. ಆಮೇಲೆ ಕೆಲವು ಆಟ ಓಡಿದವು, ಕೆಲವು ಇಲ್ಲ. ಪ್ರೋಟಾನ್ ಒಂದೊಂದು ಆಟಕ್ಕೂ ಒಂದು ಫೋಲ್ಡರ್ ಮಾಡಿ, ಅದರೊಳಗೆ ವಿಂಡೋಸ್‌ನ ಸಿ ಡ್ರೈವ್ ಇರುವ ಹಾಗೆ ನಟಿಸಲು 'ಸಿ:' ಅನ್ನುವ ಹೆಸರಿನಲ್ಲಿ ಲಿಂಕ್ ಹಾಕುತ್ತದೆ. ಆ ಎರಡು ಚುಕ್ಕಿ ಇದೆಯಲ್ಲ, ಫೈಲಿನ ಹೆಸರಿನಲ್ಲಿ ಅದನ್ನು ವಿಂಡೋಸ್ ಒಪ್ಪುವುದಿಲ್ಲ. ಮುಂದಿನ ಸಲ ವಿಂಡೋಸ್‌ಗೆ ಹೋದಾಗ ಡಿಸ್ಕ್ ಚೆಕ್ ಶುರುವಾಗಿ, ತಪ್ಪು ಕಂಡದ್ದನ್ನೆಲ್ಲ 'ಸರಿ' ಮಾಡಿತು. ಉಳಿಸಿಕೊಂಡ ಡೌನ್‌ಲೋಡ್ ಹೋಯಿತು, ಜೊತೆಗೆ ಒಂದು ಭಾನುವಾರವೂ ಹೋಯಿತು. ಈಗ ಲಿನಕ್ಸ್ ಆಟಗಳಿಗೆ ಬೇರೆಯೇ ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ವ್ಯವಸ್ಥೆ) ಪಾರ್ಟಿಷನ್ ಇದೆ.

ಇಷ್ಟಾದ ಮೇಲೆ ಹಾಳೆ ತೆಗೆದು ಹೋಲಿಸಿದೆ. ಸರಾಸರಿ ಎಫ್‌ಪಿಎಸ್ ವಿಂಡೋಸ್‌ಗಿಂತ ಕೂದಲೆಳೆಯಷ್ಟು ಕಡಿಮೆ, ಆದರೆ ಗೆರೆ ಮಾತ್ರ ಗರಗಸ. ಕಾರ್ಡಿನ ಬಳಕೆ ನೋಡಿದರೆ 99 ಶೇಕಡಾ ಇರಬೇಕಾದದ್ದು ಆಗಾಗ 60ಕ್ಕೆ ಇಳಿಯುತ್ತಿತ್ತು. ಕಾರ್ಡು ಸುಮ್ಮನೆ ಕಾಯುತ್ತಿದೆ ಅಂದರೆ ಕೆಲಸ ಕೊಡುವವನೇ ನಿಧಾನ ಅಂತ ತಾನೆ? ರೆಸಲ್ಯೂಷನ್ 720ಪಿಗೆ ಇಳಿಸಿದೆ, ಅಂಕಿ ಏರಲೇ ಇಲ್ಲ. ಖಾತ್ರಿಯಾಯಿತು, ತೊಂದರೆ ಪ್ರೊಸೆಸರ್ ಕಡೆ. ಅದರ ವೇಗ ಎಷ್ಟಿರಬೇಕೆಂದು ನಿರ್ಧರಿಸುವ ಗವರ್ನರ್ 'ಪವರ್‌ಸೇವ್'ನಲ್ಲಿ ಕೂತಿತ್ತು. ಗೇಮ್‌ಮೋಡ್ ಅನ್ನುವ ಪುಟ್ಟ ಪ್ರೋಗ್ರಾಂ ಹಾಕಿದೆ. ಆಟ ಶುರುವಾದಾಗ ಗವರ್ನರನ್ನು 'ಪರ್ಫಾರ್ಮೆನ್ಸ್'ಗೆ ಏರಿಸಿ, ಮುಗಿದ ಮೇಲೆ ಇಳಿಸುತ್ತದೆ. ಗೆರೆ ನೆಟ್ಟಗಾಯಿತು. ಒಂದೆರಡು ಆಟಗಳಲ್ಲಿ ವಿಂಡೋಸ್‌ಗಿಂತ ನೆಟ್ಟಗಿತ್ತು, ಯಾಕೆಂದರೆ ಸ್ಟೀಮ್ ಲಿನಕ್ಸ್‌ನಲ್ಲಿ ಶೇಡರ್‌ಗಳನ್ನು ಮುಂಚೆಯೇ ಇಳಿಸಿಕೊಂಡು ತಯಾರು ಮಾಡಿಟ್ಟಿರುತ್ತದೆ. ಆ ಮೊದಲ ಓಟದ ಮುಗ್ಗರಿಕೆ ತುಂಬಾ ಕಡಿಮೆಯಾಗುತ್ತದೆ. ಪುರಾತನ ಓಪನ್‌ಜಿಎಲ್ ಆಟವೊಂದಂತೂ ವಿಂಡೋಸ್‌ನಲ್ಲಿ ಓಡಿದ್ದಕ್ಕಿಂತ ಜೋರಾಗಿ ಓಡಿತು.

ಒಂದು ಬಾಗಿಲು ಮಾತ್ರ ತೆರೆಯಲಿಲ್ಲ. ಗೆಳೆಯರ ಗುಂಪು ಶನಿವಾರ ರಾತ್ರಿ ಆಡುವ ಆನ್‌ಲೈನ್ ಆಟ ಒಂದಿದೆ. ಕಾರ್ಡಿನಲ್ಲಿ ದೋಷವಿಲ್ಲ, ಅನುವಾದದಲ್ಲೂ ಇಲ್ಲ. ಅದರ ಆಂಟಿ-ಚೀಟ್ (ಮೋಸದಾಟ ತಡೆಯುವ ಪ್ರೋಗ್ರಾಂ) ಲಿನಕ್ಸ್‌ನಲ್ಲಿ ಬಿಡುವುದಿಲ್ಲ. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎರಡೂ 2021ರಿಂದ ಪ್ರೋಟಾನ್ ಜೊತೆ ಕೆಲಸ ಮಾಡಬಲ್ಲವು, ಆದರೆ ಆಟ ಮಾಡಿದವರು ತಾವಾಗಿ ಒಪ್ಪಿ ಆನ್ ಮಾಡಬೇಕು. ಕರ್ನಲ್ ಒಳಗೇ ಇಳಿದು ಕಾವಲು ಕಾಯುವ ಬೇರೆ ಕೆಲವಕ್ಕೆ ಆ ದಾರಿಯೂ ಇಲ್ಲ. ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ, ನಾನು ಹುಡುಕಿ ಸುಸ್ತಾಗಿದ್ದೇನೆ.

ಹಾಗಾಗಿ ಸಣ್ಣ ಎಸ್‌ಎಸ್‌ಡಿ ಒಂದರಲ್ಲಿ ವಿಂಡೋಸ್ ಇನ್ನೂ ಇದೆ. ಅದರಲ್ಲಿ ಇರುವುದು ಆ ಒಂದೇ ಆಟ. ವಾರಕ್ಕೊಮ್ಮೆ ಆನ್ ಮಾಡಿದಾಗ ವಾರದ ಅಪ್‌ಡೇಟೆಲ್ಲ ಒಟ್ಟಿಗೆ ಬಂದು ಕೂರುತ್ತದೆ, ಹೆಡ್‌ಸೆಟ್‌ನಲ್ಲಿ ಗೆಳೆಯ "ಏನೋ, ಬರ್ತೀಯಾ ಇಲ್ವಾ?" ಅಂತ ಕೂಗುತ್ತಿರುತ್ತಾನೆ. "ಎರಡು ನಿಮಿಷ ಕಣೋ" ಅನ್ನುತ್ತೇನೆ. ಇಜಿಪಿಯು ಪೆಟ್ಟಿಗೆ ಖಾಲಿಯಾಗಿ ಮಾನಿಟರ್ ಅಡಿಯಲ್ಲಿದೆ, ಎತ್ತರ ಸರಿಯಾಗಿದೆ.