ಅರ್ಜೆಂಟ್ ಇದ್ದರೆ ಫೋನ್ ಮಾಡಿ: ವಾಟ್ಸಾಪ್ ಕಾಟ ಕಡಿಮೆ ಮಾಡಿಕೊಳ್ಳುವುದು ಹೀಗೆ

ಫೋನ್ ಪಕ್ಕಕ್ಕಿಟ್ಟು ವಾಕಿಂಗ್ ಹೋಗಿ ಅಂತ ಬುದ್ಧಿ ಹೇಳುವವರು ಬಹಳ. ತೋರಣಗಲ್ಲಿನಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದವರಿಗೆ, ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವರಿಗೆ, ಹಳ್ಳಿಯ ಆಶಾ ಕಾರ್ಯಕರ್ತೆಗೆ ಆ ಮಾತು ಉಪಯೋಗಕ್ಕೆ ಬರಲ್ಲ. ಇವರ ಅರ್ಧ ಕೆಲಸ ನಡೆಯುವುದೇ ಫೋನಿನಲ್ಲಿ. ಸ್ವಿಚ್ ಆಫ್ ಮಾಡಿದರೆ ಬೈಗುಳ, ಮಾಡದಿದ್ದರೆ ನಿದ್ದೆ ಇಲ್ಲ.

ಮೆಸೇಜ್ ಬಂದಾಗ ಆಗುವ ಕಿರಿಕಿರಿಗಿಂತ, ಬರಬಹುದು ಅಂತ ಕಾಯುವುದೇ ಜಾಸ್ತಿ ಸುಸ್ತು ಮಾಡುತ್ತದೆ. ಊಟಕ್ಕೆ ಕೂತರೂ ಒಂದು ಕಿವಿ ಫೋನಿನ ಕಡೆಗೇ ಇರುತ್ತದೆ. ಜೇಬಿನಲ್ಲಿ ಫೋನ್ ಇಲ್ಲದಿದ್ದರೂ ವೈಬ್ರೇಟ್ ಆದ ಹಾಗೆ ಅನಿಸುತ್ತದೆ (ಇದು ಸುಮಾರು ಜನಕ್ಕೆ ಆಗುತ್ತದೆ, ಹೆದರಬೇಡಿ). ಅದಕ್ಕೆ ಅರ್ಜೆಂಟ್ ವಿಷಯಕ್ಕೆ ಒಂದೇ ದಾರಿ ಬಿಡಿ, ಫೋನ್ ಕಾಲ್. ಮಿಕ್ಕಿದ್ದೆಲ್ಲ ಕಾಯಲಿ.

ಮೊದಲು ಬಾಯಿಬಿಟ್ಟು ಹೇಳಬೇಕು. ಸೆಟ್ಟಿಂಗ್ಸ್ ಆಮೇಲೆ. ಸಾಹೇಬರು ಒಳ್ಳೆ ಮೂಡಿನಲ್ಲಿ ಇದ್ದಾಗ ನೋಡಿ, "ಸರ, ರಾತ್ರಿ ಒಂಬತ್ತರ ಮ್ಯಾಲೆ ನಾ ವಾಟ್ಸಾಪ್ ನೋಡೂದಿಲ್ರೀ, ಅರ್ಜೆಂಟ್ ಇದ್ರ ಫೋನ್ ಮಾಡ್ರಿ, ಎತ್ತತೀನಿ" ಅನ್ನಿ. ಕೊನೆಯ ಮಾತು ಮುಖ್ಯ. ಎತ್ತುತ್ತೇನೆ ಅಂದ ಮೇಲೆ ಎತ್ತಲೇಬೇಕು, ಇಲ್ಲದಿದ್ದರೆ ಮುಂದಿನ ವಾರದಿಂದ ಮತ್ತೆ ಅದೇ ಕಥೆ. ರಾತ್ರಿ 11ಕ್ಕೆ ಸುಮ್ನೆ ಒಂದು ಮೆಸೇಜ್ ಒಗೆಯುವವರು ಆ ಹೊತ್ತಿಗೆ ಕಾಲ್ ಮಾಡಲು ಹಿಂದೆಮುಂದೆ ನೋಡುತ್ತಾರೆ, ಅಲ್ವಾ? ಅಲ್ಲಿಗೇ ಅರ್ಧ ಕಾಟ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಆಫೀಸಿನ ಮೆಸೇಜ್ ನೋಡದೆ ಇರುವುದಕ್ಕೆ ಫ್ರಾನ್ಸಿನಲ್ಲಿ 2017ರಿಂದ ಕಾನೂನೇ ಇದೆ. ನಮಗೆ ಸದ್ಯಕ್ಕೆ ಬಾಯಿಮಾತೇ ಗತಿ.

ಈಗ ಫೋನ್ ತೆಗೆಯಿರಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ 'ಡು ನಾಟ್ ಡಿಸ್ಟರ್ಬ್' ಅಂತ ಹುಡುಕಿ. ಶೆಡ್ಯೂಲ್‌ನಲ್ಲಿ ನಿಮ್ಮ ನಿದ್ದೆಯ ಟೈಮ್ ಹಾಕಿ. ನೈಟ್ ಶಿಫ್ಟ್ ಇದ್ದ ವಾರ ಹಗಲಿನ ಟೈಮ್ ಹಾಕಬೇಕು, ಮರೆಯಬೇಡಿ. ಮನೆಯವರ ನಂಬರ್, ಸಾಹೇಬರ ನಂಬರ್‌ಗೆ ಸ್ಟಾರ್ ಹಾಕಿ, ಸ್ಟಾರ್ ಇದ್ದವರ ಕಾಲ್ ಮಾತ್ರ ಬರಲಿ ಅಂತ ಆರಿಸಿ. 'ರಿಪೀಟ್ ಕಾಲರ್ಸ್' ಆನ್ ಇರಲಿ. ಆಗ ಯಾರೇ ಆದರೂ 15 ನಿಮಿಷದ ಒಳಗೆ ಎರಡನೇ ಸಲ ಮಾಡಿದರೆ ರಿಂಗ್ ಆಗುತ್ತದೆ. ಊರಲ್ಲಿ ಅಪ್ಪನಿಗೆ ಹುಷಾರಿಲ್ಲದೆ ಪಕ್ಕದ ಮನೆಯವರು ಫೋನ್ ಮಾಡಿದರೂ ತಪ್ಪಿ ಹೋಗಲ್ಲ. ಎಲ್ಲ ಮುಗಿದ ಮೇಲೆ ಮನೆಯವರ ಫೋನಿನಿಂದ ಒಂದು ಕಾಲ್ ಮಾಡಿಸಿ ನೋಡಿ. ಎಲ್ಲ ಫೋನುಗಳಲ್ಲೂ ಈ ಸೆಟ್ಟಿಂಗ್ಸ್ ಹೆಸರು ಒಂದೇ ಇರಲ್ಲ, ಸ್ವಲ್ಪ ತಡಕಾಡಬೇಕಾಗಬಹುದು.

ಗ್ರೂಪುಗಳಿಗೆ ಕರುಣೆ ಬೇಡ. ಮ್ಯೂಟ್ ಒತ್ತಿ 'ಆಲ್ವೇಸ್' ಆರಿಸಿ, ಆಮೇಲೆ ಆರ್ಕೈವ್‌ಗೆ ಹಾಕಿ. ಗ್ರೂಪ್ ಬಿಟ್ಟ ಹಾಗೂ ಆಗಲ್ಲ, ಅತ್ತಿಗೆಗೆ ಸಿಟ್ಟೂ ಬರಲ್ಲ. ಹತ್ತಿ ರೇಟಿನ ಗ್ರೂಪ್, ಕಾಲುವೆ ನೀರಿನ ಗ್ರೂಪ್ ಬೇಕೇ ಬೇಕು ಅನ್ನುವವರು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ವಾಟ್ಸಾಪ್ ಸೆಟ್ಟಿಂಗ್ಸ್‌ನ ಪ್ರೈವಸಿಯ ಒಳಗೆ 'ಗ್ರೂಪ್ಸ್' ಅಂತ ಇದೆ, 'ಮೈ ಕಾಂಟ್ಯಾಕ್ಟ್ಸ್' ಮಾಡಿಬಿಟ್ಟರೆ ಗುರುತಿಲ್ಲದವರು ಎಲೆಕ್ಷನ್ ಟೈಮಿನಲ್ಲಿ ಎಳೆದು ಸೇರಿಸುವುದು ನಿಲ್ಲುತ್ತದೆ.

ನೀಲಿ ಟಿಕ್ ವಿಷಯ. 'ರೀಡ್ ರಿಸೀಟ್ಸ್' ಆಫ್ ಮಾಡಿದರೆ "ನೋಡಿಯೂ ಉತ್ತರ ಕೊಟ್ಟಿಲ್ಲ" ಅನ್ನುವ ಜಗಳ ಕಡಿಮೆ. ಆದರೆ ಬೇರೆಯವರ ನೀಲಿ ಟಿಕ್ ನಿಮಗೂ ಕಾಣಲ್ಲ, ಗ್ರೂಪಿನಲ್ಲಿ ಇದು ನಡೆಯೋದೂ ಇಲ್ಲ.

ನೀವೇ ಆಫೀಸ್ ಗ್ರೂಪಿನ ಅಡ್ಮಿನ್ ಆಗಿದ್ದರೆ, ದಯವಿಟ್ಟು ನೋಟಿಸ್ ಗ್ರೂಪನ್ನು ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿ. ಒಂದು ಮೀಟಿಂಗ್ ಸುದ್ದಿಗೆ ಗ್ರೂಪಿನವರೆಲ್ಲ ಸಾಲಾಗಿ "ಓಕೆ ಸರ್" ಅನ್ನುವುದು ಯಾರಿಗೆ ಬೇಕು? ಭಾನುವಾರ ನೆನಪಾದದ್ದನ್ನು ಚೀಟಿಯಲ್ಲಿ ಬರೆದಿಡಿ, ಸೋಮವಾರ ಕಳಿಸಿ.

ಇಷ್ಟೆಲ್ಲ ಮಾಡಿದರೂ ವಾರಗಟ್ಟಲೆ ನಿದ್ದೆ ಬರದಿದ್ದರೆ, ರಿಂಗ್ ಕೇಳಿದರೇ ಎದೆ ಡವಡವ ಅನ್ನುತ್ತಿದ್ದರೆ, ಸೆಟ್ಟಿಂಗ್ಸ್‌ನಿಂದ ಆಗುವ ಕೆಲಸ ಅಲ್ಲ ಅದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಬೀಳಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಇಂಟರ್ನೆಟ್ ಅತಿಯಾದವರಿಗೆ ಅಂತಲೇ 2014ರಿಂದ ಒಂದು ಕ್ಲಿನಿಕ್ ಇದೆ, ಆದರೆ ಮೊದಲಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ರಾಯಚೂರಿನ ರಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲೂ ಮನೋರೋಗ ವಿಭಾಗ ಇದೆ, ಅಲ್ಲಿ ಒಮ್ಮೆ ತೋರಿಸಿ.